ಬೊಮ್ಮ ಎಂಬ ಹೆಸರು ಸಿಕ್ಕ ಬಗೆ

1148ರ ಬೇಸಿಗೆಯಲ್ಲಿ ಏಡನ್ ಬಂದರಿನ ವರ್ತಕ ಖಲಫ್ ಇಬ್ನ್ ಇಸ್‌ಹಾಕ್ ಮಂಗಳೂರಿನಲ್ಲಿದ್ದ ತನ್ನ ಗೆಳೆಯನಿಗೊಂದು ಕಾಗದ ಬರೆದ. ಹಡಗಿಗೆ ಹೇರಿದ ಸರಕು, ಬಂದು ಮುಟ್ಟಿದ ಸರಕು, ಸಮುದ್ರದ ಪಾಲಾದ ಸರಕು, ಊರಿನ ಸುದ್ದಿ ಎಲ್ಲವನ್ನೂ ಬರೆದ ಮೇಲೆ ಗೆಳೆಯನ ಆಳಿಗೂ ಹೆಸರು ಹಿಡಿದು ಶುಭಾಶಯ ತಿಳಿಸಿದ. ವ್ಯಾಪಾರದ ಕಾಗದದಲ್ಲಿ ಇದು ತೀರಾ ಸಣ್ಣ ಮಾತು. ಆದರೆ ಆ ಆಳಿನ ಹೆಸರನ್ನು ಸರಿಯಾಗಿ ಓದಲು ವಿದ್ವಾಂಸರಿಗೆ ಐವತ್ತು ವರ್ಷ ಬೇಕಾಯಿತು. ಅದನ್ನು ಓದಲು ಬೇಕಿದ್ದ ಕೀಲಿಕೈ ಸಿಕ್ಕಿದ್ದು ಜೆರುಸಲೇಮಿನಲ್ಲೂ ಅಲ್ಲ, ಪ್ರಿನ್ಸ್‌ಟನ್ನಿನಲ್ಲೂ ಅಲ್ಲ, ಮಂಗಳೂರಿನಲ್ಲಿ. ನಮ್ಮ ಕರಾವಳಿಯ ಚರಿತ್ರೆಯನ್ನು ಕುರಿತು ದೂರದ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳು ಹೊರತರುತ್ತಿರುವ ಪುಸ್ತಕಗಳ ಬಗ್ಗೆ ಬರೆಯಲು ಹೊರಟಾಗ ನಮಗೆ ಮೊದಲು ನೆನಪಾಗುವುದು ಈ ಸಂಗತಿ.

ಕಾಗದ ಪಡೆದ ಗೆಳೆಯನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಶಿಯಾದ ಮಹ್ದಿಯಾ ಪಟ್ಟಣದ ಯಹೂದಿ. ಏಡನ್ನಿಗೆ ಬಂದು, ಅಲ್ಲಿಂದ ಹಡಗು ಹತ್ತಿ, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. ಮುಂದೆ ಸುಮಾರು ಹದಿನೇಳು ವರ್ಷ ಅವನ ಬದುಕು ಈ ಕರಾವಳಿಯಲ್ಲೇ ಸಾಗಿತು. ಒಳ್ಳೆಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ. ಒಂದು ಕಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್ನಿನವರು ತಾಮ್ರ ಮತ್ತು ಒಡೆದ ಹಳೆಯ ಪಾತ್ರೆಗಳನ್ನು ಕಳಿಸಿ, ನಮ್ಮ ಕಂಚುಗಾರರ ಕೈಯಲ್ಲಿ ಹೊಸ ದೀಪ, ಬೋಗುಣಿಗಳನ್ನು ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಸರಕಿನೊಂದಿಗೆ ಉಡುಗೊರೆಯಾಗಿ ಸಕ್ಕರೆ, ಒಣದ್ರಾಕ್ಷಿ, ಬಾದಾಮಿಗಳನ್ನೂ ಕಳಿಸುತ್ತಿದ್ದರು. ಮುಖ್ಯವಾಗಿ ಕಾಗದವನ್ನು. ತಾಳೆಗರಿಯಲ್ಲಿ ಬರೆಯುವ ನಾಡಿನಲ್ಲಿ ಕಾಗದ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಆದ್ದರಿಂದಲೇ ಬೆನ್ ಯಿಜು ಬಂದ ಕಾಗದಗಳನ್ನು ಎಸೆಯದೆ ಅವುಗಳ ಹಿಂಬದಿಯಲ್ಲಿ, ಅಂಚಿನಲ್ಲಿ ತನ್ನ ಲೆಕ್ಕ ಬರೆದಿಡುತ್ತಿದ್ದ. ಅವನ ಈ ಜಿಪುಣತನದಿಂದ ಚರಿತ್ರೆಗೆ ಲಾಭವಾಯಿತು.

ಈ ಕಾಗದಗಳು ಉಳಿದ ಬಗೆಯೂ ವಿಚಿತ್ರ. ದೇವರ ಹೆಸರಿರುವ ಬರಹವನ್ನು ಕಸಕ್ಕೆ ಹಾಕಬಾರದು ಎಂಬ ನಿಯಮ ಯಹೂದಿಗಳಲ್ಲಿದೆ. ಹರಿದ ಕುರ್‌ಆನ್ ಹಾಳೆಯನ್ನು ಕಾಲಿಗೆ ಸಿಗದಂತೆ ಜೋಪಾನ ಮಾಡುವ ನಮ್ಮ ಮನೆಗಳವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ಕೈರೋದ ಫುಸ್ತಾತಿನಲ್ಲಿರುವ ಬೆನ್ ಎಜ್ರಾ ಯಹೂದಿ ಪ್ರಾರ್ಥನಾಲಯದಲ್ಲಿ ಇಂಥ ಹಾಳೆಗಳನ್ನು ತುಂಬಿಡಲು ಒಂದು ಕೋಣೆಯಿತ್ತು. ಅದಕ್ಕೆ ಗೆನಿಝಾ ಎಂದು ಹೆಸರು. ಶತಮಾನಗಳ ಕಾಲ ಅಲ್ಲಿ ಧರ್ಮಗ್ರಂಥದ ಹಾಳೆಗಳ ಜೊತೆಗೆ ವಿವಾಹ ಪತ್ರ, ಸಾಲಪತ್ರ, ಅಂಗಡಿ ಚೀಟಿ ಎಲ್ಲವೂ ಬಿದ್ದವು. 1896-97ರಲ್ಲಿ ಸಾಲಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಎರಡು ಲಕ್ಷಕ್ಕೆ ಸಮೀಪದಷ್ಟು ತುಣುಕುಗಳು. ಉಳಿದವು ಬೇರೆ ಬೇರೆ ದೇಶಗಳ ಸಂಗ್ರಹಗಳಿಗೆ ಚದುರಿದವು.

ವರ್ತಕರ ಕಾಗದಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳ ಬರೆದ, ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವ ಕರಾವಳಿಯವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿಯಾಗಬಹುದಾದದ್ದು ಬೇರೆ. ಈ ಯಹೂದಿಗಳು ತಮ್ಮ ಕಾಗದಗಳಲ್ಲಿ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ, ಮಾತಿಗೊಮ್ಮೆ ಇನ್ಶಾ ಅಲ್ಲಾಹ್ ಎನ್ನುತ್ತಾರೆ. ಯಹೂದಿ ಮತ್ತು ಅರಬ ಎಂದರೆ ಹುಟ್ಟು ವೈರಿಗಳೆಂದು ದಿನದ ಸುದ್ದಿಯಿಂದಷ್ಟೇ ತಿಳಿದುಕೊಂಡಿರುವ ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ಈ ರಾಶಿಯಿಂದ ಒಂದು ಸಮಾಜದ ಚಿತ್ರವನ್ನು ಕಟ್ಟಿದವರು ಎಸ್. ಡಿ. ಗೊಯ್ಟೈನ್. ಅವರ ‘ಎ ಮೆಡಿಟರೇನಿಯನ್ ಸೊಸೈಟಿ’ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ 1967ರಿಂದ ಸಂಪುಟ ಸಂಪುಟವಾಗಿ ಬಂತು. ಭಾರತದೊಂದಿಗಿನ ವ್ಯಾಪಾರದ ಕಾಗದಗಳನ್ನು ಬೇರೆಯಾಗಿಸಿ ‘ಇಂಡಿಯಾ ಬುಕ್’ ಎಂಬ ಗ್ರಂಥ ತರುವುದು ಅವರ ಬಹುಕಾಲದ ಆಸೆಯಾಗಿತ್ತು. ಅದು ಮುಗಿಯುವ ಮುನ್ನವೇ, 1985ರಲ್ಲಿ, ಅವರು ತೀರಿಕೊಂಡರು. ಅವರ ಶಿಷ್ಯ ಎಂ. ಎ. ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ ಪೂರೈಸಿದರು. ಅದರ ಇಂಗ್ಲಿಷ್ ಆವೃತ್ತಿ ಲೈಡನ್ನಿನ ಬ್ರಿಲ್ ಸಂಸ್ಥೆಯಿಂದ 2008ರಲ್ಲಿ ಹೊರಬಂತು. ಗುರು ಬಿಟ್ಟುಹೋದ ಕೆಲಸಕ್ಕೆ ಶಿಷ್ಯರೊಬ್ಬರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೊಟ್ಟಿದ್ದಾರೆ. ವರ್ಷಕ್ಕೊಂದು ಪುಸ್ತಕ ಬಿಡುಗಡೆ ಮಾಡಿಸಿಕೊಳ್ಳುವ ನಮ್ಮ ಕಡೆಯ ಉತ್ಸಾಹಿಗಳು ಗಮನಿಸಬೇಕು.

ಆದರೆ ಸಾಮಾನ್ಯ ಓದುಗರಿಗೆ ಬೆನ್ ಯಿಜುವನ್ನು ಪರಿಚಯಿಸಿದ್ದು ಪಂಡಿತರ ಗ್ರಂಥವಲ್ಲ. 1992ರಲ್ಲಿ ದಿಲ್ಲಿಯ ರವಿ ದಯಾಳ್ ಎಂಬ ಸಣ್ಣ, ಸ್ವತಂತ್ರ ಪ್ರಕಾಶನ ತಂದ ಅಮಿತಾವ್ ಘೋಷ್ ಅವರ ‘ಇನ್ ಆನ್ ಆಂಟೀಕ್ ಲ್ಯಾಂಡ್’. ಸಂಶೋಧನಾ ವಿದ್ಯಾರ್ಥಿಯಾಗಿ ಈಜಿಪ್ಟಿನ ಹಳ್ಳಿಗಳಲ್ಲಿದ್ದು ಕಲಿತ ಆಡುಮಾತಿನ ಅರಬಿ, ಎಂಟುನೂರು ವರ್ಷ ಹಿಂದಿನ ವರ್ತಕರ ಅರಬಿಯನ್ನು ಓದಲು ಅವರಿಗೆ ನೆರವಾಯಿತು. ಘೋಷ್ ಹುಡುಕಿ ಹೊರಟಿದ್ದು ಯಜಮಾನನನ್ನಲ್ಲ, ಆಳನ್ನು. ಖಲಫನ ಕಾಗದ 1942ರಲ್ಲೇ ಜೆರುಸಲೇಮಿನ ಒಂದು ಹೀಬ್ರೂ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಳಿನ ಹೆಸರಾಗಿ ಅದರಲ್ಲಿ ಇದ್ದದ್ದು ಬ, ಮ, ಹ ಎಂಬ ಮೂರು ವ್ಯಂಜನಗಳು, ಸ್ವರಗಳಿಲ್ಲ. ಗೊಯ್ಟೈನ್ ಅದನ್ನು ‘ಬಾಮ’ ಎಂದು ಓದಿಕೊಂಡಿದ್ದರು. ಘೋಷ್ ಮಂಗಳೂರಿಗೆ ಬಂದು ಬಿ. ಎ. ವಿವೇಕ ರೈ ಅವರನ್ನು ಕಂಡಾಗ ಒಗಟು ಬಿಡಿಸಿಕೊಂಡಿತು. ಅದು ಬೊಮ್ಮ. ಕನ್ನಡ ಶಾಸನಗಳಲ್ಲಿ ಬಮ್ಮ, ಬೊಮ್ಮ, ಬೊಮ್ಮಯ್ಯ ಎಂದು ಎಷ್ಟು ಬೇಕಾದರೂ ಸಿಗುವ ಹೆಸರು. ತುಳುವರ ಬೆರ್ಮೆರ ನೆನಪನ್ನೂ ಹೊತ್ತಿರುವ ಹೆಸರು. ನಮ್ಮ ಯಾವ ಹಳ್ಳಿಯವನಾದರೂ ಕೇಳಿದೊಡನೆ ಹೇಳಬಹುದಾಗಿದ್ದ ಆ ಹೆಸರು ಅಲ್ಲಿಯವರೆಗೆ ತಿಳಿಯದೇ ಇದ್ದದ್ದು ಪಂಡಿತರ ದಡ್ಡತನದಿಂದಲ್ಲ, ಅವರು ಇಲ್ಲಿಯವರನ್ನು ಕೇಳದೇ ಇದ್ದದ್ದರಿಂದ. ನಾವೂ ಅವರು ಏನು ಓದುತ್ತಿದ್ದಾರೆಂದು ವಿಚಾರಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಆಳು ಎಂದ ಮಾತ್ರಕ್ಕೆ ಬೊಮ್ಮ ಕಟ್ಟಿಹಾಕಿದ ಕೂಲಿಯಲ್ಲ. ಯಜಮಾನನ ಪರವಾಗಿ ಸರಕು ಕೊಂಡು ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುವ ಪ್ರತಿನಿಧಿ. ಅಲ್ಲಿ ಕುಡಿತಕ್ಕೆ ದುಡ್ಡು ಕೇಳಿ ಪೀಡಿಸುತ್ತಾನೆಂದು ಯಜಮಾನನಿಗೆ ದೂರು ಬಂದದ್ದೂ ಉಂಟು. ಹಾಗೆಂದು ಆ ಕಾಲದ ದಾಸ್ಯವನ್ನು ನಯ ಮಾಡಿ ಹೇಳುವುದೂ ತಪ್ಪು. ಇದೇ ಮಂಗಳೂರಿನಲ್ಲಿ 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಅಶು ಎಂಬ ದಾಸಿಯೊಬ್ಬಳಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಇವಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ಮಗ ಸುರೂರ್, ಮಗಳು ಸಿತ್ತ್ ಅದ್ದಾರ್ ಹೆಸರುಗಳು ಮುಂದಿನ ಕಾಗದಗಳಲ್ಲಿ ಬರುತ್ತವೆ. 1149ರಲ್ಲಿ ಮಕ್ಕಳೊಂದಿಗೆ ಅವನು ಏಡನ್ನಿಗೆ ಹಿಂದಿರುಗಿದ್ದು, 1156ರಲ್ಲಿ ಮಗಳ ಮದುವೆ ಫುಸ್ತಾತಿನಲ್ಲಿ ಚಿಕ್ಕಪ್ಪನ ಮಗನೊಡನೆ ನಡೆದದ್ದು ಎಲ್ಲವೂ ದಾಖಲಾಗಿದೆ. ಅಶುವಿನ ಹೆಸರು ಮಾತ್ರ ಆ ಬಿಡುಗಡೆ ಪತ್ರದ ಬಳಿಕ ಅವನ ಯಾವ ಕಾಗದದಲ್ಲೂ ಇಲ್ಲ ಎಂದು ಘೋಷ್ ಬರೆಯುತ್ತಾರೆ. ಹಡಗು ಹತ್ತಿದವರಲ್ಲಿ ಅವಳಿದ್ದಳೇ, ಮಕ್ಕಳನ್ನು ಕಳಿಸಿ ದಡದಲ್ಲಿ ಉಳಿದಳೇ ಎಂಬುದಕ್ಕೆ ಯಾವ ವಿಶ್ವವಿದ್ಯಾಲಯದ ಪುಸ್ತಕದಲ್ಲೂ ಉತ್ತರ ಸಿಗದು. ಗಂಡಸರ ಲೆಕ್ಕಪತ್ರದಿಂದ ಕಟ್ಟಿದ ಚರಿತ್ರೆಯ ಮಿತಿ ಇದು.

ಸಾಮಾನುಗಳ ಮೂಲಕವಾದರೂ ಮನೆಯೊಳಕ್ಕೆ ಇಣುಕಬಹುದೇ ಎಂಬ ಪ್ರಯತ್ನವನ್ನು ಎಲಿಜಬೆತ್ ಲ್ಯಾಂಬರ್ನ್ ಮಾಡಿದ್ದಾರೆ. ಅವರ ‘ಅಬ್ರಹಾಮ್ಸ್ ಲಗೇಜ್’ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ 2018ರಲ್ಲಿ ಬಂತು. ಬೆನ್ ಯಿಜು ಸಮುದ್ರಯಾನಕ್ಕೆ ಕಟ್ಟಿದ ಗಂಟುಮೂಟೆಗಳ ಒಂದು ಪಟ್ಟಿಯೇ ಇಡೀ ಪುಸ್ತಕದ ಆಧಾರ. ಅಕ್ಕಿ, ಮೀನು, ಎಣ್ಣೆ, ವಿನೆಗರ್, ಪೆಟ್ಟಿಗೆಗಳು. ಗಲ್ಫಿಗೆ ಹೊರಟ ಮಗನ ಪೆಟ್ಟಿಗೆಗೆ ಉಪ್ಪಿನಕಾಯಿ ಭರಣಿ ತುರುಕುವ ತಾಯಂದಿರು ಈ ಪಟ್ಟಿಯನ್ನು ಯಾವ ಪೀಠಿಕೆಯೂ ಇಲ್ಲದೆ ಅರ್ಥಮಾಡಿಕೊಳ್ಳಬಲ್ಲರು. ಬೇರೆ ನಾಡಿನಲ್ಲಿ ನೆಲೆಸಿದವನ ನಾಲಗೆ ಎಷ್ಟರಮಟ್ಟಿಗೆ ಇಲ್ಲಿಯದಾಯಿತು, ಎಷ್ಟು ಅಲ್ಲಿಯದೇ ಉಳಿಯಿತು ಎಂಬ ಪ್ರಶ್ನೆಗೆ ಲ್ಯಾಂಬರ್ನ್ ಅಡುಗೆಮನೆಯ ಸಾಮಾನುಗಳಲ್ಲಿ ಉತ್ತರ ಹುಡುಕುತ್ತಾರೆ. ಕೆಲವು ಅಧ್ಯಾಯಗಳು ಉದ್ದವಾದವು ಎನ್ನಿಸಿದರೂ ನಮಗೆ ಹಿಡಿಸಿದ ಪುಸ್ತಕ ಇದು.

ಅದೇ ವರ್ಷ ಅದೇ ಮುದ್ರಣಾಲಯದಿಂದ ಬಂದ ಇನ್ನೊಂದು ಪುಸ್ತಕ ಸೆಬಾಸ್ಟಿಯನ್ ಪ್ರಾಂಗೆ ಅವರ ‘ಮಾನ್ಸೂನ್ ಇಸ್ಲಾಂ’. ಮಲಬಾರಿನ ಬಗ್ಗೆ ಬರೆದದ್ದಾದರೂ ನಮ್ಮ ಪಾಲಿಗೆ ಹೆಚ್ಚು ಮುಖ್ಯವಾದದ್ದು. ಈ ಕರಾವಳಿಯಲ್ಲಿ ಇಸ್ಲಾಮನ್ನು ರೂಪಿಸಿದವರು ಸುಲ್ತಾನರೂ ಅಲ್ಲ, ಸೈನ್ಯಗಳೂ ಅಲ್ಲ. ಅನ್ಯಧರ್ಮದ ಅರಸರ ಆಶ್ರಯದಲ್ಲಿ, ಅನ್ಯಧರ್ಮದ ಬಹುಸಂಖ್ಯಾತರ ನಡುವೆ, ದಿನದಿನದ ಒಪ್ಪಂದಗಳಲ್ಲಿ ಬಾಳಿದ ಸಾಧಾರಣ ವರ್ತಕರು ಎಂಬುದು ಪ್ರಾಂಗೆ ಅವರ ವಾದ. ಅಲ್ಲಿಯ ಹಳೆಯ ಮಸೀದಿಗಳ ಮರದ ಕೆತ್ತನೆ, ಇಳಿಜಾರು ಮಾಡುಗಳಲ್ಲೇ ಇದಕ್ಕೆ ಸಾಕ್ಷಿ ಇದೆ. ನಮ್ಮ ಸಮುದಾಯದ ಚರಿತ್ರೆ ಎಂದೊಡನೆ ನಾವು ಮಾಲಿಕ್ ದೀನಾರರ ಬಳಗದ ಪ್ರತೀತಿಯನ್ನು ಹೇಳಿ, ಅಲ್ಲಿಂದ ಟಿಪ್ಪುವಿನ ಕಾಲಕ್ಕೆ ನೆಗೆದುಬಿಡುತ್ತೇವೆ. ನಡುವಿನ ಸಾವಿರ ವರ್ಷ ಅಂಗಡಿ ನಡೆಸಿದವರು, ಹಡಗು ಹತ್ತಿದವರು, ಸಾಲ ಕೊಟ್ಟವರು ಎಲ್ಲಿ ಹೋದರು?

ಆ ಒಪ್ಪಂದಗಳು ಸದಾ ಸಿಹಿಯಾಗಿದ್ದವೆಂದು ಯಾರೂ ಹೇಳುವುದಿಲ್ಲ. ಏಲಕ್ಕಿಗೆಂದು ಮುಂಗಡ ಪಡೆದು ಸರಕು ಕೊಡದೆ ಸತಾಯಿಸಿದ ಇಲ್ಲಿಯ ಒಬ್ಬ ವ್ಯಾಪಾರಿಯ ಬಗ್ಗೆ ಏಡನ್ನಿನಿಂದ ಕಾಗದದ ಮೇಲೆ ಕಾಗದ ಬರುತ್ತದೆ. ಅವರು ಸೂಚಿಸುವ ಉಪಾಯ ನೋಡಿ: ಏಡನ್ನಿನಲ್ಲಿ ನಿನ್ನ ಮಾನ ಕಳೆಯುತ್ತೇವೆಂದು ಅವನನ್ನು ಹೆದರಿಸು. ಸಮುದ್ರದ ಆಚೆ ದಡದಲ್ಲಿ ಹೋಗುವ ಮಾನಕ್ಕೆ ಈ ದಡದಲ್ಲಿ ಬೆಲೆಯಿತ್ತು ಎಂದಾಯಿತು. ಇನ್ನೂರು ವರ್ಷಗಳ ತರುವಾಯ, 1340ರ ದಶಕದಲ್ಲಿ, ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಅವರಿಗೂ ಊರವರಿಗೂ ಆಗಾಗ ಜಗಳ ಹೊತ್ತಿಕೊಳ್ಳುತ್ತಿತ್ತೆಂದೂ, ವರ್ತಕರು ಬೇಕಾಗಿದ್ದರಿಂದ ಅರಸ ನಡುವೆ ಬಂದು ರಾಜಿ ಮಾಡಿಸುತ್ತಿದ್ದನೆಂದೂ ಆತ ಬರೆದಿದ್ದಾನೆ. ಸೌಹಾರ್ದದ ಭಾಷಣಗಳಿಗಿಂತ ನಮಗೆ ಈ ವಾಕ್ಯ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ.

2022ರ ಮಾರ್ಚಿನಲ್ಲಿ ಇದೇ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶವಿಲ್ಲ ಎಂಬ ಫಲಕಗಳು ಎದ್ದವು. ಬಳೆ, ಆಟಿಕೆ, ಹಣ್ಣು ಮಾರಿ ಬದುಕುವವರು ಗಂಟು ಕಟ್ಟಿಕೊಂಡು ಹಿಂದಿರುಗಿದರು. ಹಾಗಾದ ಊರುಗಳಲ್ಲಿ ಮುಲ್ಕಿಯ ಬಪ್ಪನಾಡೂ ಒಂದು. ಅಲ್ಲಿಯ ದೇವಾಲಯ ಕಟ್ಟಿಸಿದವನು ಬಪ್ಪ ಎಂಬ ಬ್ಯಾರಿ ವರ್ತಕನೆಂದು ಊರವರೇ ತಲೆಮಾರುಗಳಿಂದ ಹೇಳಿಕೊಂಡು ಬಂದ ಐತಿಹ್ಯವಿದೆ. ಐತಿಹ್ಯವನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಬೆನ್ ಯಿಜುವಿನ ಲೆಕ್ಕದ ಚೀಟಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ನಮಗೆ ಈ ಪುಸ್ತಕಗಳು ಬೇಕಾಗಿರುವುದು ಈ ಕಾರಣಕ್ಕೆ.

ಬೇಕು ನಿಜ, ಆದರೆ ಸಿಗುವ ಬಗೆ ಹೇಗೆ? ಬ್ರಿಲ್‌ನ ಗ್ರಂಥದ ಬೆಲೆ ಕೇಳಿದರೆ ಕಾಲೇಜು ಅಧ್ಯಾಪಕರೂ ಹಿಂದೆ ಸರಿಯುತ್ತಾರೆ. ವಿಶ್ವವಿದ್ಯಾಲಯಗಳ ಮುದ್ರಣಾಲಯಗಳು ದೊಡ್ಡ ಗ್ರಂಥಾಲಯಗಳನ್ನು ಕಣ್ಣಮುಂದಿಟ್ಟುಕೊಂಡು ಬೆಲೆ ಕಟ್ಟುತ್ತವೆ, ಪುಸ್ತಕ ಯಾರ ಊರಿನದೋ ಆ ಊರನ್ನಲ್ಲ. ಸಮಾಧಾನದ ಸಂಗತಿಯೆಂದರೆ ಮೂಲ ಕಾಗದಗಳಿಗೆ ಈಗ ಬೀಗವಿಲ್ಲ. ಕೇಂಬ್ರಿಜ್ ಗ್ರಂಥಾಲಯ ಗೆನಿಝಾ ತುಣುಕುಗಳ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಝಾ ಯೋಜನೆಯವರು ಅವುಗಳ ಲಿಪ್ಯಂತರಗಳನ್ನು ಒದಗಿಸುತ್ತಿದ್ದಾರೆ. ನಮ್ಮ ಅರಬಿ ಕಾಲೇಜುಗಳಲ್ಲಿ ಅರಬಿ ಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಅವರಲ್ಲಿ ಅನೇಕರ ಮನೆಮಾತು ಬ್ಯಾರಿ, ಆಟದ ಮಾತು ತುಳು, ಶಾಲೆಯ ಮಾತು ಕನ್ನಡ. ಹೀಬ್ರೂವಿನ ಇಪ್ಪತ್ತೆರಡು ಅಕ್ಷರಗಳನ್ನು ಕಲಿಯುವುದು ಕೆಲವು ವಾರಗಳ ಕೆಲಸ. ಈ ನಾಲ್ಕೈದು ಭಾಷೆಗಳು ಒಬ್ಬರಲ್ಲೇ ಕೂಡಿರುವ ಓದುಗರು ಕೇಂಬ್ರಿಜ್‌ನಲ್ಲೂ ಅಪರೂಪ.

ಕೆಲಸ ಉಳಿದಿಲ್ಲವೆಂದೇನೂ ಅಲ್ಲ. ಏಡನ್ನಿನ ಕಾಗದಗಳಲ್ಲಿ ಹಡಗುಗಳ ಒಡೆಯನಾಗಿ ‘ಫತನ್ ಸ್ವಾಮಿ’ ಎಂಬವನು ಬರುತ್ತಾನೆ. ಅರಬಿಯಲ್ಲಿ ಪಕಾರವಿಲ್ಲ, ಅದಕ್ಕೆ ಬದಲು ಫಕಾರ. ಹಾಗಾಗಿ ಅವನು ಪಟ್ಟಣಸ್ವಾಮಿ. ನಮ್ಮ ಶಾಸನಗಳನ್ನು ಸ್ವಲ್ಪ ಓದಿದವರಿಗೂ ಪರಿಚಯವಿರುವ, ಪಟ್ಟಣದ ವರ್ತಕರ ಮುಖಂಡನ ಬಿರುದು ಇದು. ಇದನ್ನು ಗುರುತಿಸಿಯಾಗಿದೆ. ಆದರೆ ಬೆನ್ ಯಿಜುವಿನ ಲೆಕ್ಕದ ಚೀಟಿಗಳಲ್ಲಿ ಸ್ವರಗಳಿಲ್ಲದೆ ಬರೆದ ಇಲ್ಲಿಯ ಹೆಸರುಗಳು ಇನ್ನೂ ಕೆಲವಿವೆ. ಅವುಗಳ ಮುಂದೆ ಸಂಪಾದಕರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಾರೆ.