ಹಗುರ ಕಾರಿನ ಮೂಗಿಗೆ ನಂಬರ್ ಪ್ಲೇಟ್

ಬಳೇಪೇಟೆಯ ಓಣಿಗಳು ಎತ್ತಿನ ಗಾಡಿಯ ಅಗಲಕ್ಕೆ ಹುಟ್ಟಿದವು. ಅಲ್ಲಿ ಎರಡು ಕಾರುಗಳು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು. ಯಾರು ಸರಿಯಬೇಕೆಂಬ ಚರ್ಚೆ ಮುಗಿಯುವವರೆಗೆ ಓದಲು ಸಿಗುವುದು ಎದುರಿನ ಕಾರಿನ ನಂಬರ್ ಪ್ಲೇಟ್ ಮಾತ್ರ. ಗಮನಿಸಿ ನೋಡಿ, ಅವುಗಳಲ್ಲಿ ಅನೇಕವು ಸೊಟ್ಟಗಾಗಿರುತ್ತವೆ. ವಾಹನದಲ್ಲಿ ಎಲ್ಲಕ್ಕಿಂತ ಮುಂದೆ ಇರುವ, ಎಲ್ಲಕ್ಕಿಂತ ತೆಳುವಾದ ಭಾಗ ಅದು.

ಈ ಫಲಕವನ್ನು ಎಲ್ಲಿ, ಹೇಗೆ ಕೂರಿಸಬೇಕು ಎಂಬುದು ಅಂಬಾಸಿಡರ್ ಅಥವಾ ಫಿಯಟ್ ಇದ್ದವರಿಗೆ ಪ್ರಶ್ನೆಯೇ ಆಗಿರಲಿಲ್ಲ. ದಪ್ಪ ಉಕ್ಕಿನ ಬಂಪರ್, ಎರಡು ತೂತು, ಎರಡು ಬೋಲ್ಟು, ಕೆಲಸ ಮುಗಿಯಿತು. ಪ್ರಶ್ನೆ ಎದ್ದದ್ದು ಹಗುರವಾದ, ಮೂಗು ಇಳಿಜಾರಾಗಿರುವ ಕಾರುಗಳು ಬಂದಾಗ. ಅಂಥ ಹಗುರ ಕಾರುಗಳನ್ನು ನಮ್ಮ ಬೆಂಗಳೂರಿನಲ್ಲೇ ತಯಾರಿಸುತ್ತಿದ್ದರು ಎಂಬುದು ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಾರದು.

ಮೊದಲು ಫಲಕದ ಹುಟ್ಟನ್ನು ನೋಡೋಣ. 1893ರ ಆಗಸ್ಟ್ 14ರಂದು ಪ್ಯಾರಿಸ್ ನಗರದ ಪೊಲೀಸರು ಹೊರಡಿಸಿದ ಆಜ್ಞೆಯಂತೆ ಪ್ರತಿ ಮೋಟಾರು ವಾಹನದ ಎಡಬದಿಯಲ್ಲಿ ಮಾಲೀಕನ ಹೆಸರು, ವಿಳಾಸ ಮತ್ತು ಒಂದು ಸಂಖ್ಯೆ ಇರುವ ಲೋಹದ ತಗಡು ಇರಬೇಕಾಗಿತ್ತು. ಅಂದರೆ ಮೊದಲ ಫಲಕ ಮೂಗಿನ ಮೇಲಲ್ಲ, ಪಕ್ಕೆಯ ಮೇಲೆ! ನಿಂತ ಗಾಡಿಯ ಹತ್ತಿರ ಹೋಗಿ ಓದುವ ಕಾಲ ಅದು. ವೇಗ ಹೆಚ್ಚಿದಂತೆ, ಬರುವಾಗಲೂ ಹೋಗುವಾಗಲೂ ದೂರದಿಂದಲೇ ಓದಬೇಕಾಯಿತು. ಬ್ರಿಟನ್ನಿನ 1903ರ ಕಾನೂನು 1904ರ ಜನವರಿ 1ರಿಂದ ಜಾರಿಗೆ ಬಂದಾಗ ಮುಂದೊಂದು ಹಿಂದೊಂದು ಫಲಕದ ಪದ್ಧತಿ ನೆಲೆಯೂರಿತು. ಬ್ರಿಟಿಷ್ ಭಾರತಕ್ಕೆ 1914ರಲ್ಲಿ ಮೋಟಾರು ವಾಹನ ಕಾಯಿದೆ ಬಂತು. ಆಗ ಬೆಂಗಳೂರು ಎರಡು ಆಡಳಿತಗಳ ಊರು. ಬಳೇಪೇಟೆ, ಚಿಕ್ಕಪೇಟೆಗಳು ಮೈಸೂರು ಸಂಸ್ಥಾನದವು. ದಂಡು ಪ್ರದೇಶ ಬ್ರಿಟಿಷರದು.

ಮುಂದೆ ಮೈಸೂರು ರಾಜ್ಯದ ವಾಹನಗಳ ಮೇಲೆ ‘ಎಂವೈ’, ‘ಎಂಇ’ ಎಂದು ತೊಡಗುವ ಅಕ್ಷರಗಳು, ನಂತರ ‘ಸಿಎ’ ಸರಣಿ ಬಂದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಆದರೆ ಫಲಕದ ಮೇಲೆ ‘ಕೆಎ’ ಕಾಣಿಸಿಕೊಳ್ಳಲು 1989ರ ಕೇಂದ್ರ ನಿಯಮಗಳವರೆಗೆ ಕಾಯಬೇಕಾಯಿತು. ಆ ನಿಯಮಗಳು ಅಕ್ಷರಗಳು ಇಂಗ್ಲಿಷಿನಲ್ಲಿ, ಅಂಕಿಗಳು ಅರಾಬಿಕ್ ರೂಪದಲ್ಲಿ ಇರಬೇಕೆಂದವು. ಕನ್ನಡ ಅಂಕಿಗಳಲ್ಲಿ ಚೆಂದವಾಗಿ ಬರೆಸಿಕೊಂಡವರಿಗೆ ಇದು ಇಂದಿಗೂ ನೋವಿನ ವಿಷಯವೇ. ಕಾರಿನ ಅಕ್ಷರದ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ನಡುವಿನ ಅಂತರ 10 ಮಿ.ಮೀ. ಎಂದೂ ಗೊತ್ತಾಯಿತು.

ಈಗ ಬೆಂಗಳೂರಿನ ಕಾರುಗಳಿಗೆ ಬರೋಣ. 1970ರ ದಶಕದ ನಡುವೆ ಇಲ್ಲಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರನ್ನು ಹೊರತಂದಿತು. ಅದರ ಮೈ ಫೈಬರ್‌ಗ್ಲಾಸಿನದು. ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರು ಬಂದ ಮೇಲೆ, 1982ರ ಹೊತ್ತಿಗೆ, ‘ಡಾಲ್ಫಿನ್’ ಬಂತು. ಇದು ಬ್ರಿಟನ್ನಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರಿನ ಪರವಾನಗಿ ರೂಪ. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈ, 848 ಘನ ಸೆಂ.ಮೀ.ನ ಅಲ್ಯೂಮಿನಿಯಂ ಎಂಜಿನ್. ಮೂಲ ಕಿಟನ್ನಿನ ತೂಕ ಐನೂರು ಕಿಲೋಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಅಂಬಾಸಿಡರ್ ಅದರ ಎರಡು ಪಟ್ಟಿಗೂ ಮೀರಿದ ಭಾರದ್ದು.

ಕಾಗದದ ಮೇಲೆ ಡಾಲ್ಫಿನ್ ಕುಟುಂಬದ ಕಾರು. ಆದರೆ ಹಗುರ ಮೈ ಮತ್ತು ಹಿಂಗಾಲಿ ಚಾಲನೆಯಿಂದಾಗಿ ಅದು ಪಂದ್ಯಗಾರರ ಕೈಗೆ ಸಿಕ್ಕಿತು. ಮದರಾಸಿನ ಹತ್ತಿರದ ಶೋಲಾವರಂ ಓಟದ ಮೈದಾನದಲ್ಲಿ, ರ‍್ಯಾಲಿಗಳಲ್ಲಿ ಡಾಲ್ಫಿನ್ ಓಡಿತು. ಆ ದಶಕದ ನಮ್ಮ ಹಗುರ ಕ್ರೀಡಾ ಕಾರು ಯಾವುದೆಂದು ಕೇಳಿದರೆ ನಾನು ಅದರ ಹೆಸರನ್ನೇ ಹೇಳುತ್ತೇನೆ. ಮುಚ್ಚಿದ ಮೈದಾನದಲ್ಲಿ ನೋಂದಣಿ ಫಲಕದ ಅಗತ್ಯವಿಲ್ಲ. ಬಾಗಿಲ ಮೇಲೆ ಸ್ಪರ್ಧೆಯ ಅಂಕಿ ಇದ್ದರೆ ಸಾಕು. ರ‍್ಯಾಲಿ ಸಾರ್ವಜನಿಕ ರಸ್ತೆಯಲ್ಲೂ ಸಾಗುತ್ತದೆ, ಅಲ್ಲಿ ಫಲಕ ಬೇಕೇ ಬೇಕು. ಅದೂ ಕಲ್ಲು, ಧೂಳು, ಕುಲುಕಾಟದ ನಡುವೆ ಬಿದ್ದುಹೋಗದಂತೆ.

ಇಲ್ಲಿಯೇ ವಸ್ತುವಿಜ್ಞಾನ ಎದುರಾಗುತ್ತದೆ. ಫೈಬರ್‌ಗ್ಲಾಸ್ ಎಂದರೆ ಗಾಜಿನ ಎಳೆಗಳ ಹಾಸಿಗೆ ಪಾಲಿಯೆಸ್ಟರ್ ರಾಳ ಹಚ್ಚಿ ಗಟ್ಟಿಯಾಗಿಸಿದ್ದು. ಎಳೆಗಳು ಜಗ್ಗುವ ಬಲವನ್ನು ಚೆನ್ನಾಗಿ ತಾಳುತ್ತವೆ. ರಾಳ ಮಾತ್ರ ಪೆಡಸು. ತಗಡಿನಲ್ಲಿ ಸ್ಕ್ರೂ ತಿರುಗಿಸಿದರೆ ಲೋಹ ಬಾಗಿ ಅದರ ಎಳೆಗೆ ಹಿಡಿತ ಕೊಡುತ್ತದೆ. ಫೈಬರ್‌ಗ್ಲಾಸಿನಲ್ಲಿ ಅದೇ ಸ್ಕ್ರೂ ರಾಳವನ್ನು ಪುಡಿಮಾಡುತ್ತದೆ. ತೂತಿನ ಅಂಚಿನಲ್ಲಿ ಪೀಡನೆ ಒಟ್ಟುಗೂಡಿ, ಮೇಲಿನ ಬಣ್ಣದ ಪದರದಲ್ಲಿ ಜೇಡರ ಬಲೆಯಂತಹ ಬಿರುಕು ಹೊರಡುತ್ತದೆ. ನನ್ನ ಕಾಲೇಜು ದಿನಗಳಲ್ಲಿ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಫೈಬರ್ ಮೈಯ ಕಾರೊಂದಿತ್ತು. ಮೆಕ್ಯಾನಿಕ್ ಒಬ್ಬ ತಗಡಿನ ಸ್ಕ್ರೂ ಹಾಕಿಕೊಟ್ಟಿದ್ದ. ಎರಡು ತಿಂಗಳಲ್ಲಿ ಫಲಕ ಬೈಂಡಿಂಗ್ ತಂತಿಯಲ್ಲಿ ನೇತಾಡುತ್ತಿತ್ತು. ಕಾರನ್ನೇ ದೂರಿದರು, ಸ್ಕ್ರೂವನ್ನು ಯಾರೂ ದೂರಲಿಲ್ಲ.

ಸರಿಯಾದ ವಿಧಾನ ಆಗಲೂ ಗೊತ್ತಿದ್ದದ್ದೇ. ಆರಪಾರ ಬೋಲ್ಟ್ ಹಾಕಬೇಕು, ಹಿಂಬದಿಯಲ್ಲಿ ಅಗಲವಾದ ವಾಷರ್ ಇಲ್ಲವೇ ಲೋಹದ ಪಟ್ಟಿ ಕೊಡಬೇಕು. ಬಲ ಹೆಚ್ಚು ಕ್ಷೇತ್ರಕ್ಕೆ ಹಂಚಿಹೋದಾಗ ಒತ್ತಡ ತಗ್ಗುತ್ತದೆ. ಇನ್ನೂ ಮೇಲಾದದ್ದು, ಚಾಸಿಯಿಂದಲೇ ಒಂದು ಪಟ್ಟಿ ಹೊರತಂದು ಫಲಕವನ್ನು ಅದಕ್ಕೆ ಕಟ್ಟುವುದು. ಆಗ ಮೈಗೆ ತೂತೇ ಬೇಡ.

ಅಷ್ಟು ಹಗುರವಾದ ತಗಡಿಗೆ ಇಷ್ಟೆಲ್ಲ ಏಕೆ ಎನ್ನಬಹುದು. ಲೆಕ್ಕ ಹಾಕೋಣ. ಇಂದಿನ ಫಲಕ 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ಗಾತ್ರ 60 ಘನ ಸೆಂ.ಮೀ., ರಾಶಿ ಸುಮಾರು 162 ಗ್ರಾಂ. ಇನ್ನು ಗಾಳಿ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.1 ಕಿ.ಗ್ರಾಂ. ವೇಗ ಗಂಟೆಗೆ 100 ಕಿ.ಮೀ., ಎಂದರೆ ಸೆಕೆಂಡಿಗೆ 27.8 ಮೀಟರ್. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 425 ಪಾಸ್ಕಲ್. ಫಲಕದ ಕ್ಷೇತ್ರ 0.06 ಚದರ ಮೀಟರ್; ಆದ್ದರಿಂದ ಬಲ ಸುಮಾರು 25 ನ್ಯೂಟನ್. ತನ್ನ ತೂಕದ ಹದಿನಾರು ಪಟ್ಟು! ಅದೂ ಸ್ಥಿರವಾದ ಬಲವಲ್ಲ. ಸುಳಿಗಳು ಫಲಕವನ್ನು ತಟ್ಟುತ್ತಲೇ ಇರುತ್ತವೆ. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಕಂಜಿರದ ತಗಡಿನ ಬಿಲ್ಲೆಗಳನ್ನು ನೋಡಿದವರಿಗೆ, ಸಡಿಲವಾದ ತೆಳು ಲೋಹ ಹೇಗೆ ಝಣಗುಟ್ಟುತ್ತದೆಂದು ಹೇಳಬೇಕಿಲ್ಲ. ಕಂಪನ ಬೋಲ್ಟನ್ನು ಸಡಿಲಿಸುತ್ತದೆ, ಸಡಿಲವಾದಷ್ಟೂ ಕಂಪನ ಹೆಚ್ಚುತ್ತದೆ. ರಬ್ಬರ್ ವಾಷರಿನ ಕೆಲಸ ಈ ಸರಪಣಿಯನ್ನು ತುಂಡರಿಸುವುದು.

ಜಾಗದ ಪ್ರಶ್ನೆ ಬೇರೆ. ಮುಂದೆ ರೇಡಿಯೇಟರ್ ಇರುವ ಕಾರಿನಲ್ಲಿ ಫಲಕವನ್ನು ಗಾಳಿಯ ಬಾಯಿಗೇ ಅಡ್ಡ ಇಟ್ಟರೆ ಎಂಜಿನ್ ಬಿಸಿಯಾಗುತ್ತದೆ. ಇಟಲಿಯ ಆಲ್ಫಾ ರೋಮಿಯೋ ಕಾರುಗಳಲ್ಲಿ ನಡುವೆ ಉದ್ದನೆಯ ಜಾಲರಿ ಇರುವುದರಿಂದ ಫಲಕವನ್ನು ಒಂದು ಬದಿಗೆ ಸರಿಸುವ ರೂಢಿ ಬಂತು. 1961ರ ಜಾಗ್ವಾರ್ ಇ-ಟೈಪ್ ಕಾರಿನಲ್ಲಿ ಬಾನೆಟ್ಟಿನ ಮೇಲೆಯೇ ಅಂಕಿಗಳನ್ನು ಅಂಟಿಸುತ್ತಿದ್ದರು. ನೋಡಲು ಸೊಗಸು, ಓದಲು ಕಷ್ಟ. ಮೇಲ್ಮೈ 45 ಡಿಗ್ರಿ ಹಿಂದಕ್ಕೆ ವಾಲಿದರೆ 65 ಮಿ.ಮೀ. ಅಕ್ಷರ ಎದುರಿನವರಿಗೆ 46 ಮಿ.ಮೀ. ಆಗಿ ಕಾಣುತ್ತದೆ. ಇದನ್ನು ತರಗತಿಯಲ್ಲಿ ರಟ್ಟಿನ ಮೇಲೆ ಬರೆದು ವಾಲಿಸಿ ತೋರಿಸಬಹುದು. ಬ್ರಿಟನ್ನಿನಲ್ಲಿ ಬೈಕಿನ ಮುಂದಿನ ಮಡ್‌ಗಾರ್ಡ್ ಮೇಲೆ ನೇರ ನಿಲ್ಲುತ್ತಿದ್ದ ಫಲಕ 1975ರಿಂದ ಕಡ್ಡಾಯವಾಗಿ ಉಳಿಯಲಿಲ್ಲ. ಪಾದಚಾರಿಗೆ ತಗುಲಿದರೆ ಅದು ಕತ್ತಿಯಂತೆಯೇ. ನಮ್ಮಲ್ಲಿ ದ್ವಿಚಕ್ರಗಳಿಗೆ ಮುಂದಿನ ಫಲಕ ಇಂದಿಗೂ ಇದೆ.

ಇನ್ನೊಂದು ಶತ್ರು ತುಕ್ಕು. ಅಲ್ಯೂಮಿನಿಯಂ ಫಲಕ, ಉಕ್ಕಿನ ಬೋಲ್ಟು, ನಡುವೆ ಮಳೆಯ ನೀರು: ಇದೊಂದು ವಿದ್ಯುತ್ಕೋಶ. ಅಲ್ಯೂಮಿನಿಯಂನ ಪ್ರಮಾಣ ವಿಭವ –1.66 ವೋಲ್ಟ್, ಕಬ್ಬಿಣದ್ದು –0.44 ವೋಲ್ಟ್. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಕರಗುತ್ತದೆ, ತೂತಿನ ಸುತ್ತ ಬಿಳಿ ಪುಡಿ ಕೂರುತ್ತದೆ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ನೈಲಾನ್ ವಾಷರ್ ಹಾಕಿದರೆ ಕೋಶದ ಮಂಡಲ ಕಡಿಯುತ್ತದೆ.

2001ರಲ್ಲಿ ನಿಯಮ ತಿದ್ದಿ ಅತಿಸುರಕ್ಷಿತ ಫಲಕದ ವಿವರಗಳನ್ನು ಸೇರಿಸಲಾಯಿತು. ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಹಾಳೆ, ಅಶೋಕ ಚಕ್ರದ ಹಾಲೋಗ್ರಾಂ, ಲೇಸರಿನಿಂದ ಕೊರೆದ ಗುರುತು ಸಂಖ್ಯೆ, ಹಿಂಬದಿಗೆ ಬಿಚ್ಚಲಾಗದ ಕೀಲು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಇದು ಕಡ್ಡಾಯ. ಅದಕ್ಕೂ ಹಿಂದೆ ನೋಂದಣಿಯಾದವುಗಳಿಗೂ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶಿಸಿ, ಗಡುವನ್ನು ಹಲವು ಸಲ ಮುಂದೂಡಿತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಫಲಕ ಓದುವ ಕ್ಯಾಮೆರಾಗಳು ಬಂದಿದ್ದವು. ಗುದ್ದಿ ಓಡಿಹೋದ ಗಾಡಿಯನ್ನು ಹುಡುಕಲು ಕೆಲವೊಮ್ಮೆ ಉಳಿಯುವುದು ಆ ಒಂದು ಚೌಕಟ್ಟಿನ ಚಿತ್ರ ಮಾತ್ರ. ವಾಲಿದ, ಮುದುಡಿದ ಫಲಕ ಆಗ ಇದ್ದೂ ಇಲ್ಲದಂತೆ.

ಹೀಗಾಗಿ ಉಳಿದಿರುವ ಡಾಲ್ಫಿನ್‌ಗಳ ಮುಂದೆ ಹಳೆಯ ಪ್ರಶ್ನೆ ಮತ್ತೆ ಬಂದಿದೆ. ಹೊಸ ಫಲಕವನ್ನು ಬಾಗಿಸುವಂತಿಲ್ಲ, ಕತ್ತರಿಸುವಂತಿಲ್ಲ. ಪೇಂಟರ್ ಕೈಯಲ್ಲಿ ಬರೆಸಿದ ಹಳೆಯ ಫಲಕದ ತೂತುಗಳಿಗೆ ಹೊಸದರ ತೂತುಗಳು ಕೂಡುವುದಿಲ್ಲ. ಹಳೆಯವನ್ನು ಹಿಂಬದಿಯಿಂದ ಗಾಜಿನ ನಾರು, ರಾಳ ಹಚ್ಚಿ ಮುಚ್ಚಿ, ಒಂದು ದಿನ ಒಣಗಲು ಬಿಡಬೇಕು. ಆಮೇಲೆ ಗುರುತಿನ ಜಾಗಕ್ಕೆ ಕಾಗದದ ಟೇಪು ಅಂಟಿಸಿ, ಡ್ರಿಲ್ಲನ್ನು ನಿಧಾನ ವೇಗದಲ್ಲಿಟ್ಟು ಬಣ್ಣದ ಕಡೆಯಿಂದ ಒಳಕ್ಕೆ ಕೊರೆಯಬೇಕು. ಒಳಗಿನಿಂದ ಹೊರಕ್ಕೆ ಕೊರೆದರೆ ಬಣ್ಣದ ಪದರ ಚಕ್ಕೆಯಾಗಿ ಏಳುತ್ತದೆ.