ಅಕ್ಷತೆ ಹಾಕುವವರು, ಅಪ್ಪಣೆ ಕೊಡುವವರು: ಮದುವೆ ಹಕ್ಕಿನ ಜಗಳಕ್ಕೆ ನೂರ ಮೂವತ್ತು ವರ್ಷ

1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯುವ ಕಾನೂನು ಮಾಡಿದಾಗ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಗೆ ಸೇರಿದ್ದವು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳಬಾರದು ಎಂದಿತು ಆ ಕಾನೂನು. ಇವತ್ತು ಓದಿದರೆ ಇಷ್ಟಕ್ಕೂ ಒಂದು ಕಾನೂನು ಬೇಕಿತ್ತೇ ಅನ್ನಿಸುತ್ತದೆ. ಬೇಕಿತ್ತು. ಶಾಸ್ತ್ರ ಹೇಳಿದ್ದರಲ್ಲಿ ಸರ್ಕಾರ ಕೈಹಾಕಬಾರದು, ಮೊದಲು ಜನರ ಮನಸ್ಸು ಬದಲಾಗಲಿ, ಆಮೇಲೆ ಕಾನೂನು ಬರಲಿ ಎಂಬ ಆಕ್ಷೇಪ ಆ ಕಾಲದಲ್ಲಿ ದೇಶದ ತುಂಬ ಇತ್ತು. ಮೂರು ವರ್ಷ ಮೊದಲು, ಬ್ರಿಟಿಷ್ ಇಂಡಿಯಾದ ಸಮ್ಮತಿ ವಯಸ್ಸಿನ ಕಾಯ್ದೆಯ ಮೇಲೆ ಪುಣೆಯಲ್ಲಿ ತಿಲಕರು ಇದೇ ವಾದ ಹೂಡಿದ್ದರು. ಅಲ್ಲಿಂದ ಇಲ್ಲಿಯವರೆಗೆ ಮದುವೆಯ ವಿಚಾರ ರಾಜಕೀಯಕ್ಕೆ ಬಂದಾಗಲೆಲ್ಲ ವಾದಿಗಳು ಬದಲಾಗಿದ್ದಾರೆ, ವಾದ ಮಾತ್ರ ಅದೇ.

ವಯಸ್ಸಿನ ಜಗಳ ಮೆಲ್ಲಗೆ ಇತ್ಯರ್ಥವಾಗುತ್ತ ಬಂತು. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಅದು 18, 21 ಆಯಿತು. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ಬೆನ್ನಿಗೆ ಕಾಯ್ದೆ ತಿದ್ದಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು 2017ರಲ್ಲಿ ಜಾರಿಗೆ ತಂದಿತು. ಅದೇ ವರ್ಷ ಸುಪ್ರೀಂ ಕೋರ್ಟು ಈ ತಿದ್ದುಪಡಿಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಹೀಗೆ ಮಾಡಲಿ ಎಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಂಗಸರ ಪೈಕಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಇದು 21.4 ಇತ್ತು. ಕಾಯ್ದೆ ಬಿಗಿಯಾದರೂ ಸಂಖ್ಯೆ ಅಲ್ಲಾಡಲಿಲ್ಲ.

ಕಾರಣ ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಬಾಲ್ಯವಿವಾಹ ತಡೆಯುವ ಅಧಿಕಾರ ತಹಸೀಲ್ದಾರರಿಗೂ ಪಂಚಾಯಿತಿಯ ಪಿಡಿಒಗೂ ಇದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋದರೆ ಛತ್ರಕ್ಕೆ ಪೊಲೀಸರೂ ಬರುತ್ತಾರೆ. ತಡೆಯಲು ಬಾರದವರು ಒಬ್ಬರೇ, ಊರಿನ ರಾಜಕಾರಣಿ. ಛತ್ರಕ್ಕೆ ಬಂದು ಅಕ್ಷತೆ ಹಾಕದ ಶಾಸಕ ನಮ್ಮ ಕಡೆ ಮುಂದಿನ ಚುನಾವಣೆ ಗೆಲ್ಲುವುದು ಕಷ್ಟ; ಅಕ್ಷತೆ ಹಾಕುವ ಕೈ ಮದುವೆ ನಿಲ್ಲಿಸಲು ಏಳುವುದಿಲ್ಲ. ಮದುವೆ ಹಕ್ಕಿನ ರಾಜಕಾರಣ ಅರ್ಥವಾಗಬೇಕಾದರೆ ಇದನ್ನು ಮೊದಲು ನೆನಪಿಡಬೇಕು. ದೆಹಲಿಯಲ್ಲೂ ಇದೇ ಕಥೆ: 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹುಡುಗಿಯರ ಮದುವೆ ವಯಸ್ಸನ್ನು 21ಕ್ಕೆ ಏರಿಸುವ ಮಸೂದೆ ತಂದಿತು. ಅದು ಸ್ಥಾಯಿ ಸಮಿತಿಗೆ ಹೋಯಿತು, ಅಲ್ಲಿಯೇ ಕುಳಿತು 2024ರಲ್ಲಿ ಲೋಕಸಭೆಯ ಜೊತೆಗೇ ಅವಧಿ ಮುಗಿಸಿತು.

ವಯಸ್ಸಿನ ನಂತರ ಜಾತಿ, ಧರ್ಮ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾವ ಜಾತಿ, ಯಾವ ಧರ್ಮದ ಇಬ್ಬರೂ ಮದುವೆಯಾಗಬಹುದು. ಆದರೆ ಮೂವತ್ತು ದಿನ ಮೊದಲು ನೋಟಿಸು ಕೊಡಬೇಕು, ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಮಹಾನಗರದಲ್ಲಿ ಆ ಕಾಗದವನ್ನು ಯಾರೂ ಓದುವುದಿಲ್ಲ. ಚಿಂತಾಮಣಿಯಂಥ ಊರಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜಮೀನು ಪತ್ರಕ್ಕೆಂದು ಬಂದವನು ಹುಡುಗಿಯ ಅಪ್ಪನ ಪರಿಚಯದವನೇ ಆಗಿರುತ್ತಾನೆ, ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. ಇತ್ತ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾದರೆ 3 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿಯ ಹುಡುಗ ಬೇರೆ ಜಾತಿಯವಳನ್ನು ಮದುವೆಯಾದರೆ 2.5 ಲಕ್ಷ ಪ್ರೋತ್ಸಾಹಧನ ಕೊಡುತ್ತದೆ. ಒಂದು ಇಲಾಖೆ ದುಡ್ಡು ಕೊಟ್ಟು ಹುರಿದುಂಬಿಸುವ ಮದುವೆಯನ್ನು ಇನ್ನೊಂದು ಇಲಾಖೆ ಗೋಡೆಗೆ ಅಂಟಿಸಿ ಯಾರದಾದರೂ ಆಕ್ಷೇಪ ಇದೆಯೇ ಎಂದು ಕೇಳುತ್ತದೆ. ಈ ವಿರೋಧಾಭಾಸವನ್ನು ಸರಿಪಡಿಸುತ್ತೇವೆ ಎಂದು ರಾಜ್ಯದ ಯಾವ ಪ್ರಮುಖ ಪಕ್ಷವೂ ಬೀದಿಗಿಳಿದು ಹೇಳಿದ್ದಿಲ್ಲ.

ಬೀದಿಗಿಳಿದದ್ದು ಬೇರೆ ಕಾರಣಕ್ಕೆ. 2013ರಲ್ಲಿ ಸಿದ್ದರಾಮಯ್ಯ ಸರ್ಕಾರ ಅಲ್ಪಸಂಖ್ಯಾತ ಬಡ ಹೆಣ್ಣುಮಕ್ಕಳ ಮದುವೆಗೆ 50 ಸಾವಿರ ರೂಪಾಯಿ ಕೊಡುವ ಬಿದಾಯಿ ಯೋಜನೆ ತಂದಿತು. ಜನರ ಬಾಯಲ್ಲಿ ಅದು ಶಾದಿ ಭಾಗ್ಯ. ಎಲ್ಲ ಬಡವರಿಗೂ ಕೊಡಿ ಎಂದು ಯಡಿಯೂರಪ್ಪ ಧರಣಿ ಕೂತರು. ರೇಷ್ಮೆ ರೀಲಿಂಗ್ ಕೆಲಸ ನೆಚ್ಚಿಕೊಂಡ ಮುಸ್ಲಿಂ ಕುಟುಂಬಗಳು ತುಂಬಿರುವ ಶಿಡ್ಲಘಟ್ಟದಂಥ ಊರಿನಲ್ಲಿ ಆ ದುಡ್ಡಿನ ಬೆಲೆ ಏನೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಜಗಳ ಮದುವೆಯದ್ದಲ್ಲ, ಬಜೆಟ್ಟಿನದ್ದು.

2020ರ ನವೆಂಬರಿನಲ್ಲಿ ಜಗಳ ಮದುವೆಗೇ ಬಂತು. ಮದುವೆಗಾಗಿ ನಡೆಯುವ ಮತಾಂತರದ ವಿರುದ್ಧ ಕಾನೂನು ತರುತ್ತೇವೆ ಎಂದು ಬಿಜೆಪಿ ನಾಯಕ ಸಿ.ಟಿ. ರವಿ ಹೇಳಿದರು. ಅದೇ ತಿಂಗಳು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ವಯಸ್ಕರು ತಮಗೆ ಬೇಕಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು, ಜಾತಿ ಧರ್ಮದ ನೆಪದಲ್ಲಿ ಯಾರೂ ಅದನ್ನು ಕಸಿಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಬೊಮ್ಮಾಯಿ ಸರ್ಕಾರದ ಮತಾಂತರ ತಡೆ ಕಾಯ್ದೆ 2022ರಲ್ಲಿ ಜಾರಿಯಾಯಿತು. ಮತಾಂತರದ ಉದ್ದೇಶಕ್ಕಾಗಿಯೇ ಆದ ಮದುವೆ ಅಸಿಂಧು ಎಂಬ ಕಲಮು ಅದರಲ್ಲಿದೆ. 2023ರ ಜೂನ್ 15ರಂದು ಸಿದ್ದರಾಮಯ್ಯ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಬೊಮ್ಮಾಯಿ ಸಂಪುಟದಲ್ಲಿ ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಆರೋಗ್ಯ ಸಚಿವರಾಗಿದ್ದರು. ಸಿದ್ದರಾಮಯ್ಯ ಸಂಪುಟದಲ್ಲಿ ಚಿಂತಾಮಣಿಯ ಡಾ. ಎಂ.ಸಿ. ಸುಧಾಕರ್ ಉನ್ನತ ಶಿಕ್ಷಣ ಸಚಿವರಾಗಿದ್ದರು. ಒಂದೇ ಜಿಲ್ಲೆಯ ಇಬ್ಬರು ಸುಧಾಕರರು ಒಂದೇ ಕಾಯ್ದೆಯ ಎರಡು ಬದಿಗಳಲ್ಲಿ ಕೂತಿದ್ದರು.

ಕೆ. ಸುಧಾಕರ್ ಅವರ ಹೆಸರು ಮದುವೆಯ ಚರ್ಚೆಯಲ್ಲಿ ಅದಕ್ಕೂ ಮೊದಲೇ ಕೇಳಿಬಂದಿತ್ತು. 2021ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನ ಸಮಾರಂಭದಲ್ಲಿ, ಆಧುನಿಕ ಹೆಣ್ಣುಮಕ್ಕಳು ಮದುವೆ ಬೇಡ ಎನ್ನುತ್ತಾರೆ, ಮದುವೆಯಾದರೂ ಹೆರಲು ಒಪ್ಪದೆ ಬಾಡಿಗೆ ತಾಯ್ತನ ಬಯಸುತ್ತಾರೆ, ಇದು ಒಳ್ಳೆಯ ಬೆಳವಣಿಗೆಯಲ್ಲ ಎಂಬರ್ಥದ ಮಾತಾಡಿದರು. ಟೀಕೆ ಬಂದ ಮೇಲೆ, ಹೆಂಗಸರನ್ನಷ್ಟೇ ಗುರಿಮಾಡಲಿಲ್ಲ, ಯುವಜನರ ಬಗೆಗಿನ ಸಮೀಕ್ಷೆಯೊಂದನ್ನು ಆಧರಿಸಿ ಹೇಳಿದೆ ಎಂದು ವಿವರಣೆ ಕೊಟ್ಟರು. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಜೀವಮಾನವೆಲ್ಲ ಮದುವೆಯಾಗದೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದವರು. ಜಿಲ್ಲೆ ಅವರನ್ನು ತನ್ನ ಅತ್ಯಂತ ಗೌರವಾನ್ವಿತ ಮಗ ಎಂದುಕೊಂಡಿದೆ, ಅದು ಸರಿಯೂ ಹೌದು. ಆದರೆ ಗಂಡಸು ಒಂಟಿಯಾಗಿದ್ದರೆ ತ್ಯಾಗ, ಹೆಂಗಸು ಒಂಟಿಯಾಗಿದ್ದರೆ ಪಶ್ಚಿಮದ ಗಾಳಿ ಎಂಬ ಲೆಕ್ಕವನ್ನು ಎಚ್ಚೆನ್ ಅವರೇ ಪ್ರಶ್ನಿಸುತ್ತಿದ್ದರೇನೋ. ಪ್ರಶ್ನಿಸದೆ ಒಪ್ಪಬೇಡಿ ಎಂಬುದೇ ಅವರ ಪಾಠವಾಗಿತ್ತಲ್ಲ.

ಮದುವೆಯೊಳಗಿನ ಸಮಾನತೆಯ ಪ್ರಶ್ನೆಯಲ್ಲಿ ಪಕ್ಷದ ಗೆರೆಗಳೂ ಮಸುಕಾಗುತ್ತವೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಗಂಡನೇ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಎಂದು ವಿಚಾರಣೆಗೆ ಅನುವು ಮಾಡಿಕೊಟ್ಟರು. ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ರಾಜ್ಯದ ಬಿಜೆಪಿ ಸರ್ಕಾರ ಹೈಕೋರ್ಟಿನ ಪರ ನಿಂತಿತು. ಕೇಂದ್ರದ ಬಿಜೆಪಿ ಸರ್ಕಾರ 2024ರಲ್ಲಿ, ಗಂಡನಿಗೆ ಅತ್ಯಾಚಾರದ ಕಲಮು ಹಚ್ಚುವುದು ಅತಿಯಾಗುತ್ತದೆ ಎಂದಿತು.

ಈಗ ಎಲ್ಲಕ್ಕಿಂತ ದೊಡ್ಡ ತಕರಾರು: ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಮದುವೆಯಾಗಬಹುದೇ? ಇದು ಮಹಾನಗರದವರ ವಿಚಾರ, ನಮ್ಮ ಸೀಮೆಗೇನು ಎನ್ನುವವರು 2009ನ್ನು ನೆನಪಿಸಿಕೊಳ್ಳಬೇಕು. ಆ ಮೇ ತಿಂಗಳಲ್ಲಿ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಗೆದ್ದ ಎಂ. ವೀರಪ್ಪ ಮೊಯಿಲಿ ಕೇಂದ್ರ ಕಾನೂನು ಮಂತ್ರಿಯಾದರು. ಜುಲೈ 2ಕ್ಕೆ ದೆಹಲಿ ಹೈಕೋರ್ಟು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ತೀರ್ಪಿಗೆ ಕೆಲವೇ ದಿನ ಮೊದಲು, ಅದನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ಸರ್ಕಾರವೇ ತೆಗೆಯಲಿದೆ ಎಂಬ ಸುದ್ದಿ ಹಬ್ಬಿದಾಗ, ಧಾರ್ಮಿಕ ಗುಂಪುಗಳೂ ಸೇರಿದಂತೆ ಎಲ್ಲರ ಅಭಿಪ್ರಾಯ ಪಡೆದೇ ಮುಂದಡಿ ಎಂಬ ಎಚ್ಚರಿಕೆಯ ಮಾತು ಮೊಯಿಲಿಯವರಿಂದ ಬಂತು. ಸೆಪ್ಟೆಂಬರಿನಲ್ಲಿ ಸಂಪುಟ, ತೀರ್ಪನ್ನು ವಿರೋಧಿಸುವುದಿಲ್ಲ, ಸುಪ್ರೀಂ ಕೋರ್ಟೇ ತೀರ್ಮಾನಿಸಲಿ ಎಂದು ಕೈತೊಳೆದುಕೊಂಡಿತು. ಇದೇ ಮೊಯಿಲಿ ಮರುವರ್ಷ, ಸರಿಪಡಿಸಲಾಗದಷ್ಟು ಮುರಿದ ದಾಂಪತ್ಯಕ್ಕೆ ವಿಚ್ಛೇದನ ಕೊಡಿಸುವ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು. ಧೈರ್ಯ ಇರಲಿಲ್ಲ ಎನ್ನಲಾಗದು, ಎಷ್ಟು ಧೈರ್ಯಕ್ಕೆ ಎಷ್ಟು ಮತ ಎಂಬ ಲೆಕ್ಕ ಇತ್ತು. ಆ ಮಸೂದೆಯೂ ಕಾಯ್ದೆಯಾಗಲಿಲ್ಲ.

ಕೋರ್ಟಿಗೆ ಬಿಟ್ಟಿದ್ದರ ಫಲ 2013ರ ಡಿಸೆಂಬರ್ 11ಕ್ಕೆ ಸಿಕ್ಕಿತು: ಸುಪ್ರೀಂ ಕೋರ್ಟು ದೆಹಲಿ ತೀರ್ಪನ್ನು ತಳ್ಳಿಹಾಕಿ, ಬೇಕಿದ್ದರೆ ಸಂಸತ್ತು ಕಾನೂನು ಬದಲಿಸಲಿ ಎಂದಿತು. ಸಂಸತ್ತು ಬದಲಿಸಲಿಲ್ಲ. 2015ರಲ್ಲಿ ಶಶಿ ತರೂರ್ ತಂದ ಖಾಸಗಿ ಮಸೂದೆಯನ್ನು ಲೋಕಸಭೆ ಮಂಡನೆಗೇ ಬಿಡದೆ 71–24 ಮತಗಳಿಂದ ಸೋಲಿಸಿತು. ದಾರಿ ತೆರೆದದ್ದು ಮತ್ತೊಂದು ಕಡೆಯಿಂದ. ಕೋಲಾರದಲ್ಲಿ ಹುಟ್ಟಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಯಾರು ಯಾರನ್ನು ಬಯಸುತ್ತಾರೆ ಎಂಬುದೂ ಅದರೊಳಗೇ ಸೇರಿತು. ಮರುವರ್ಷ ಸೆಪ್ಟೆಂಬರ್ 6ಕ್ಕೆ 377ರ ಆ ಭಾಗ ಬಿದ್ದುಹೋಯಿತು. ಅಲ್ಲಿಯೂ ಕೇಂದ್ರ ಸರ್ಕಾರ ಹೇಳಿದ್ದು ಕೋರ್ಟಿನ ವಿವೇಕಕ್ಕೆ ಬಿಟ್ಟಿದ್ದೇವೆ ಎಂದೇ.

ಮದುವೆಯ ಅರ್ಜಿಗಳು ಬಂದಾಗ ಅದೇ ಸರ್ಕಾರ ರಾಗ ಬದಲಿಸಿತು. ಇದು ಕೋರ್ಟಿನ ಕೆಲಸವಲ್ಲ, ಸಂಸತ್ತಿನದು ಎಂದು 2023ರ ಮಾರ್ಚಿನಲ್ಲಿ ಪ್ರಮಾಣಪತ್ರ ಹಾಕಿತು. ಅರ್ಜಿದಾರರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಹೋರಾಟಗಾರ್ತಿ, ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು. ಕೇಂದ್ರ ಎಲ್ಲ ರಾಜ್ಯಗಳ ಅಭಿಪ್ರಾಯ ಕೇಳಿತು, ಉತ್ತರಿಸಿದ್ದು ಏಳೇ ರಾಜ್ಯ. ಇದನ್ನು ಕೋರ್ಟಿಗೆ ತಿಳಿಸಿದ್ದು ಮೇ 10ರಂದು, ಕರ್ನಾಟಕ ವಿಧಾನಸಭೆಗೆ ಮತ ಹಾಕುತ್ತಿದ್ದ ದಿನ. ನಮ್ಮ ರಾಜ್ಯ ಆ ಏಳರಲ್ಲಿ ಇರಲಿಲ್ಲ. ಸ್ಪಷ್ಟವಾಗಿ ಬೇಡ ಎಂದವು ಮೂರು: ಬಿಜೆಪಿಯ ಅಸ್ಸಾಂ, ಕಾಂಗ್ರೆಸ್ಸಿನ ರಾಜಸ್ಥಾನ, ಜಗನ್ ಅವರ ಆಂಧ್ರ. ಗೌರಿಬಿದನೂರು, ಚಿಂತಾಮಣಿ ತಾಲ್ಲೂಕುಗಳ ಗಡಿ ದಾಟಿದರೆ ಆ ಆಂಧ್ರವೇ. ಮಿಕ್ಕ ವಿಷಯಗಳಲ್ಲಿ ಹಾವು ಮುಂಗುಸಿಯಂತಿದ್ದ ಪಕ್ಷಗಳು ಇಲ್ಲಿ ಒಂದೇ ಉತ್ತರ ಬರೆದವು.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ಹಿಗ್ಗಿಸಲಾಗದು ಎಂದರು. ಮದುವೆಯಲ್ಲದಿದ್ದರೂ ಜೊತೆಯಾಗಿ ಬಾಳುವುದಕ್ಕೆ ಕಾನೂನಿನ ಮನ್ನಣೆ ಬೇಕು ಎಂದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಕೌಲ್. ಅದನ್ನೂ ಒಪ್ಪದ ಮೂವರ ಬಹುಮತದಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ರವೀಂದ್ರ ಭಟ್ ಇದ್ದರು. ಒಂದು ವಿಷಯದಲ್ಲಿ ಐವರೂ ಒಂದಾಗಿ ಸ್ಪಷ್ಟವಾದರು: ಈಗಿರುವ ಕಾನೂನಿನಡಿಯಲ್ಲೇ ಲಿಂಗತ್ವ ಅಲ್ಪಸಂಖ್ಯಾತರು, ಒಬ್ಬರು ಗಂಡು ಒಬ್ಬರು ಹೆಣ್ಣು ಎಂಬ ಗುರುತಿನಲ್ಲಿ, ಮದುವೆಯಾಗಬಹುದು. ಇದು ಸಣ್ಣದಲ್ಲ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, ಅದೂ ಬಿಜೆಪಿ ಆಡಳಿತದಲ್ಲಿ. ಕೆಲಸ ಕೊಡುವುದಕ್ಕೆ ಪಕ್ಷಗಳಿಗೆ ಅಷ್ಟೇನೂ ತಕರಾರಿಲ್ಲ, ತಾಳಿ ಎಂದಾಗ ಗಂಟಲು ಕಟ್ಟುತ್ತದೆ.

2024ರ ಲೋಕಸಭೆ ಚುನಾವಣೆಯಲ್ಲಿ ಈ ವಿಷಯ ಪ್ರಣಾಳಿಕೆಗಳಲ್ಲಿ ಎದುರುಬದುರಾಯಿತು. ವಿಸ್ತೃತ ಸಮಾಲೋಚನೆ ಮಾಡಿ ಸಲಿಂಗ ಜೋಡಿಗಳ ಸಹಬಾಳ್ವೆಗೆ ಕಾನೂನು ಮನ್ನಣೆ ಕೊಡುತ್ತೇವೆ ಎಂದಿತು ಕಾಂಗ್ರೆಸ್. ಮದುವೆ ಎಂಬ ಮಾತನ್ನು ಅದು ಬಳಸಲಿಲ್ಲ. ವಿಶೇಷ ವಿವಾಹ ಕಾಯ್ದೆಯ ಮಾದರಿಯ ಕಾನೂನನ್ನೇ ತರುವುದಾಗಿ ಹೇಳಿದ್ದು ಸಿಪಿಎಂ. ಬಿಜೆಪಿ ಏಕರೂಪ ನಾಗರಿಕ ಸಂಹಿತೆಯ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೆ ಆಯುಷ್ಮಾನ್ ವಿಮೆ, ವಸತಿ ಕೇಂದ್ರಗಳನ್ನು ಬರೆಯಿತು, ಸಲಿಂಗ ಜೋಡಿಗಳ ವಿಚಾರ ಎತ್ತಲಿಲ್ಲ. ಬಾಗೇಪಲ್ಲಿಯ ಹಳೆಯ ನೆಲೆಯನ್ನು ನಂಬಿ ಸಿಪಿಎಂ ಚಿಕ್ಕಬಳ್ಳಾಪುರದಲ್ಲಿ ಸ್ಪರ್ಧಿಸಿದ್ದರಿಂದ ಇಲ್ಲಿನ ಮತದಾರರ ಮುಂದೆ ಮೂರೂ ಉತ್ತರಗಳಿದ್ದವು. ಪ್ರಚಾರ ಸಾಗಿದ್ದು ಮಾತ್ರ ನೀರಾವರಿ, ಗ್ಯಾರಂಟಿ, ಮೋದಿ ಎಂದೇ. ಕೆ. ಸುಧಾಕರ್ 1.6 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಅಕ್ಟೋಬರ್ ತೀರ್ಪಿನ ನಂತರ ಸರ್ಕಾರದ ಕಡೆಯಿಂದ ನಡೆದದ್ದು ಸುತ್ತೋಲೆಗಳ ಮೂಲಕ. ಕೋರ್ಟಿನ ಮಾತಿನಂತೆ ಕೇಂದ್ರ ಸಂಪುಟ ಕಾರ್ಯದರ್ಶಿಯ ಸಮಿತಿ ರಚನೆಯಾಯಿತು. ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ರೇಷನ್ ಕಾರ್ಡಿನಲ್ಲಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು ಎಂದು 2024ರಲ್ಲಿ ಇಲಾಖೆಗಳು ತಿಳಿಸಿದವು. 2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳು ವಜಾ ಆದವು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಸಲಿಂಗ ವಿವಾಹ ಜಾರಿಗೆ ಬಂತು. ನೇಪಾಳದಲ್ಲಿ 2023ರಲ್ಲೇ ಒಂದು ಮದುವೆ ನೋಂದಣಿಯಾಗಿತ್ತು. ಹಾಗಾಗಿ ಇದು ಪಶ್ಚಿಮದ ಸರಕು ಎಂಬ ಮಾತು ಈಗ ಅಷ್ಟು ಸಲೀಸಾಗಿ ಓಡುವುದಿಲ್ಲ.

ಸಂಸತ್ತೇ ತೀರ್ಮಾನಿಸಲಿ ಎಂಬ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. 1894ರಲ್ಲೂ 1929ರಲ್ಲೂ ಕಾನೂನು ಮಾಡಿದ್ದು ಸರ್ಕಾರ, ಶಾಸನಸಭೆಗಳೇ. ಆದರೆ ಅಂದಿನವರು ಬೈಸಿಕೊಂಡು ಮಾಡಿದರು. ಇಂದಿನವರು ಕೋರ್ಟು ಕೇಳಿದಾಗ ಸಂಸತ್ತಿನತ್ತ, ಸಂಸತ್ತು ಕೇಳಿದಾಗ ಸಮಾಜದತ್ತ ಬೆರಳು ತೋರಿಸುತ್ತಾರೆ. ಈ ನಾಲ್ಕು ತಾಲ್ಲೂಕುಗಳಿಗೆ ಲೋಕಸಭೆಯಲ್ಲಿ ಇಬ್ಬರು ಪ್ರತಿನಿಧಿಗಳಿದ್ದಾರೆ: ಚಿಕ್ಕಬಳ್ಳಾಪುರ, ಗೌರಿಬಿದನೂರಿಗೆ ಬಿಜೆಪಿಯ ಕೆ. ಸುಧಾಕರ್, ಕೋಲಾರ ಕ್ಷೇತ್ರಕ್ಕೆ ಸೇರಿದ ಚಿಂತಾಮಣಿ, ಶಿಡ್ಲಘಟ್ಟಕ್ಕೆ ಜೆಡಿಎಸ್‌ನ ಮಲ್ಲೇಶ್ ಬಾಬು. ಮುಂದಿನ ಬಾರಿ ಯಾವುದಾದರೂ ಮದುವೆಯ ಊಟದ ಪಂಕ್ತಿಯಲ್ಲಿ ಇವರಲ್ಲಿ ಒಬ್ಬರು ಎದುರಾದರೆ, ಮೂವತ್ತು ದಿನದ ಆ ನೋಟಿಸಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದಾದರೂ ಕೇಳಿ ನೋಡಿ.