ಬಾಗಿಲು ತಟ್ಟಿದವರು, ಬಾಗಿಲು ತೆರೆದವರು

ಊರಿಗೆ ಮಹಾಮಾರಿ ಬಂದಾಗ ನಗರಪಾಲಿಕೆ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಒಳಗೆ ಎಷ್ಟು ಜನ ಇದ್ದೀರಿ, ಯಾರಿಗೆ ಜ್ವರ, ಯಾರು ಊರಿನಿಂದ ಬಂದಿದ್ದಾರೆ ಎಂದು ಕೇಳುತ್ತದೆ. ಬಾಗಿಲು ತೆರೆಯುವವಳು ಸಾಮಾನ್ಯವಾಗಿ ಆ ಮನೆಯ ಹೆಂಗಸು. ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೋ, ಕಾಯಿಲೆಯವರನ್ನು ಒಳಕೋಣೆಯಲ್ಲಿ ಅಡಗಿಸುತ್ತಾಳೋ ಎಂಬುದರ ಮೇಲೆ ಇಡೀ ಚಾಳಿನ ಕ್ಷೇಮ ನಿಂತಿರುತ್ತದೆ. ಮುಂಬಯಿಯ ಆಧುನಿಕ ಇತಿಹಾಸದಲ್ಲಿ ಇಂತಹ ದೊಡ್ಡ ಪರೀಕ್ಷೆ ಮೂರು ಬಾರಿ ನಡೆದಿದೆ: 1896ರಲ್ಲಿ ಶುರುವಾದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಮತ್ತು ನಾವೆಲ್ಲ ಕಂಡ 2020ರ ಕೊರೊನಾ.

ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹಲವು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಕೊರೊನಾ ಕಾಲದಲ್ಲಿ ಪಾಲಿಕೆಯ ಶಿಕ್ಷಕಿಯರಿಗೂ ಸರ್ವೆಯ ಕೆಲಸ, ರೇಶನ್ ಹಂಚುವ ಕೆಲಸ ಬಂದಿತ್ತು. ಅವರ ಅನುಭವಗಳನ್ನು ಕೇಳುತ್ತ ಕೇಳುತ್ತ, ಹಿಂದಿನ ಎರಡು ಮಹಾಮಾರಿಗಳಲ್ಲಿ ಬಾಗಿಲು ತಟ್ಟಿದವರು ಯಾರು, ತೆರೆದವರು ಏನು ಮಾಡಿದರು ಎಂದು ಓದತೊಡಗಿದೆ. ಓದಿದ್ದನ್ನು ಸಖಿಯರ ಮುಂದೆ ಇಡುತ್ತಿದ್ದೇನೆ.

ಮಾಂಡವಿಯಿಂದ ಆರ್ಥರ್ ರೋಡಿಗೆ

1896ರ ಸೆಪ್ಟೆಂಬರ್ ತಿಂಗಳು. ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬ ಗೋವಾ ಮೂಲದ ವೈದ್ಯರು ತಮ್ಮ ರೋಗಿಯೊಬ್ಬರಿಗೆ ಗೆಡ್ಡೆ ಪ್ಲೇಗು ತಗಲಿದೆ ಎಂದು ಗುರುತಿಸಿದರು. ಮಾಂಡವಿ ಎಂದರೆ ಧಾನ್ಯದ ಗೋದಾಮುಗಳ, ಇಲಿಗಳ, ಗಾಳಿ ಬೆಳಕಿಲ್ಲದ ಕೋಣೆಗಳ ಪ್ರದೇಶ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕೊಳೆ, ದುರ್ವಾಸನೆ, ಕತ್ತಲೆ ಇವೇ ಕಾರಣ ಎಂದು ಅಧಿಕಾರಿಗಳು ನಂಬಿದ್ದರು. ಹಾಗಾಗಿ ಬೆಂಕಿ ಆರಿಸುವ ಯಂತ್ರಗಳಿಂದ ಮನೆಗಳಿಗೆ ಔಷಧಿ ನೀರು ಹಾಯಿಸಿದರು. ಒಳಗೆ ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಸಿದರು. ಹಾಸಿಗೆ ಬಟ್ಟೆಗಳನ್ನು ಸುಟ್ಟರು. ವಾಸಕ್ಕೆ ಯೋಗ್ಯವಲ್ಲ ಎಂಬುದಕ್ಕೆ ಗೋಡೆಯ ಮೇಲೆ 'ಯು.ಎಚ್.ಎಚ್.' ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದರು.

ಆ ವರ್ಷದ ಅಕ್ಟೋಬರಿನಲ್ಲಿ ಮುನಿಸಿಪಲ್ ಕಮಿಷನರ್ ಹೊರಡಿಸಿದ ಪ್ರಕಟಣೆಯ ಪ್ರಕಾರ ಅಧಿಕಾರಿಗಳು ಯಾವ ಮನೆಗೂ ನುಗ್ಗಬಹುದಾಗಿತ್ತು, ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯಬಹುದಾಗಿತ್ತು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಆಸ್ಪತ್ರೆ ತಲುಪುವಾಗಲೇ ಹೆಚ್ಚಿನವರ ಕಾಯಿಲೆ ಕೈಮೀರಿರುತ್ತಿದ್ದುದರಿಂದ ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿತು. ಆಮೇಲೆ ಆಡಳಿತ ನಿಯಮಗಳನ್ನು ಸ್ವಲ್ಪ ಸಡಿಲಿಸಬೇಕಾಯಿತು.

ಈ ಸಡಿಲಿಕೆ ಹೆಚ್ಚು ಕಾಲ ಉಳಿಯಲಿಲ್ಲ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮಾರ್ಚಿನಲ್ಲಿ ಪ್ಲೇಗಿನ ಕೆಲಸವನ್ನು ಪಾಲಿಕೆಯ ಕೈಯಿಂದ ತೆಗೆದು ಜನರಲ್ ಗೆಟೇಕರ್ ಎಂಬ ಸೇನಾಧಿಕಾರಿಯ ನೇತೃತ್ವದ ಸಮಿತಿಗೆ ಒಪ್ಪಿಸಲಾಯಿತು. ರೈಲ್ವೆ ಸ್ಟೇಷನ್ನುಗಳಲ್ಲಿ ಪ್ರಯಾಣಿಕರ ಕಂಕುಳು, ತೊಡೆಸಂದು ಮುಟ್ಟಿ ನೋಡುವ ತಪಾಸಣೆ ನಡೆಯುತ್ತಿತ್ತು. ಪರಗಂಡಸರ ಎದುರು ಸೆರಗು ಸರಿಸಬೇಕಾದ ಹೆಂಗಸರ ಪಾಡನ್ನು ನಾವೇ ಊಹಿಸಿಕೊಳ್ಳಬೇಕು. ಜನ ಸಿಟ್ಟಿಗೆದ್ದ ಮೇಲೆ ಹೆಂಗಸರ ತಪಾಸಣೆಗೆ ಮಹಿಳಾ ವೈದ್ಯರನ್ನೂ ದಾದಿಯರನ್ನೂ ನೇಮಿಸಿದರು. 1898ರ ಮಾರ್ಚ್ 9ರಂದು ಮದನಪುರದ ಕಡೆ ನೇಕಾರರ ಕೇರಿಯಲ್ಲಿ ಕಾಯಿಲೆಬಿದ್ದ ಒಬ್ಬ ಹುಡುಗಿಯನ್ನು ನೋಡಬೇಕೆಂದು ತಪಾಸಣೆಯವರು ಬಂದದ್ದೇ ಗಲಭೆಗೆ ಕಾರಣವಾಯಿತು.

ಇದೇ ಹೊತ್ತಿನಲ್ಲಿ ಇನ್ನೊಂದು ಬೆಳವಣಿಗೆಯೂ ಆಯಿತು. ಪಾರ್ಸಿ, ಜೈನ, ಭಾಟಿಯಾ, ಖೋಜಾ, ಮೇಮನ್ ಮೊದಲಾದ ಸಮುದಾಯಗಳು ತಮ್ಮವರಿಗಾಗಿ ಪ್ರತ್ಯೇಕ ಪ್ಲೇಗು ಆಸ್ಪತ್ರೆಗಳನ್ನು ತೆರೆದವು. ಸರಕಾರವೂ ಅದಕ್ಕೆ ಒಪ್ಪಿತು. ತಮ್ಮ ಭಾಷೆ ಬಲ್ಲವರು, ತಮ್ಮ ಊಟ ಬಡಿಸುವವರು ಅಲ್ಲಿದ್ದಾರೆ ಎಂದಾಗ ರೋಗಿಗಳನ್ನು ಕಳುಹಿಸಲು ಮನೆಯವರು ಅಷ್ಟಾಗಿ ಹಿಂಜರಿಯಲಿಲ್ಲ. ಸಂಘ ಸಂಸ್ಥೆಗಳು ಏಕೆ ಬೇಕು ಎಂದು ಕೇಳುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಆದರೆ ಸಮುದಾಯದ ಬಲವಿಲ್ಲದ ಬಡವನಿಗೆ ಆರ್ಥರ್ ರೋಡೇ ಗತಿಯಾಗಿತ್ತು ಎಂಬುದನ್ನೂ ಮರೆಯಬಾರದು.

ಪುಣೆಯ ಇಬ್ಬರು ಮಹಿಳೆಯರು

ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮನೆ ಶೋಧನೆಗೆ ಬ್ರಿಟಿಷ್ ಸೈನಿಕರನ್ನೇ ಬಳಸಿದ. ದೇವರ ಕೋಣೆ, ಅಡುಗೆಮನೆ ಎನ್ನದೆ ಬೂಟುಗಾಲಿನಲ್ಲಿ ನುಗ್ಗಿದರು ಎಂಬ ಆಕ್ರೋಶ ಎಲ್ಲೆಡೆ ಇತ್ತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದ ಕತೆ ಎಲ್ಲರಿಗೂ ಗೊತ್ತು. ಅದೇ ವರ್ಷದ ಇಬ್ಬರು ಮಹಿಳೆಯರ ಕೆಲಸವನ್ನೂ ನಾವು ಅಷ್ಟೇ ನೆನೆಯಬೇಕು.

ಒಬ್ಬರು ಸಾವಿತ್ರಿಬಾಯಿ ಫುಲೆ. ಅವರ ಮಗ ಡಾ. ಯಶವಂತ ಪುಣೆಯ ಹೊರಗೆ ಪ್ಲೇಗಿನವರಿಗಾಗಿ ಚಿಕಿತ್ಸಾಲಯ ನಡೆಸುತ್ತಿದ್ದರು. 66 ವರ್ಷದ ಸಾವಿತ್ರಿಬಾಯಿ ಮುಂಢವಾದ ಕೇರಿಯಿಂದ ಪ್ಲೇಗು ತಗಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ತಂದರು. ಹುಡುಗ ಬದುಕಿದ. ಸೋಂಕು ತಗಲಿದ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಇನ್ನೊಬ್ಬರು ಪಂಡಿತಾ ರಮಾಬಾಯಿ. ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಪುಣೆಯ ಪ್ಲೇಗು ವ್ಯವಸ್ಥೆಯಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲ ಎಂದು ಅವರು 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದರು. ಸರಕಾರ ಆರೋಪವನ್ನು ಅಲ್ಲಗಳೆಯಿತು. ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಇಂಥ ದೂರುಗಳನ್ನು ಅಲ್ಲಿನ ಪತ್ರಿಕೆಗೆ ತಿಳಿಸಿ, ಮರಳಿದ ಮೇಲೆ ಸಾಕ್ಷ್ಯ ಒದಗಿಸಲಾಗದೆ ಕ್ಷಮೆ ಕೇಳಬೇಕಾಯಿತು. ಸಾಕ್ಷಿ ಹೇಳಬೇಕಾದ ಹೆಂಗಸರು ಹೆಸರು ಹೇಳಿ ಮುಂದೆ ಬರುವ ಕಾಲ ಅದಾಗಿರಲಿಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಪ್ಲೇಗಿನಿಂದ ಹುಟ್ಟಿದ ಬಡಾವಣೆಗಳು

ಆ ಚಳಿಗಾಲದಲ್ಲಿ ಮುಂಬಯಿಯ ಸುಮಾರು ಅರ್ಧದಷ್ಟು ಜನ ಊರು ಬಿಟ್ಟರು. ರೈಲು ಹೋದಲ್ಲೆಲ್ಲ ಪ್ಲೇಗೂ ಹೋಯಿತು. ಹುಬ್ಬಳ್ಳಿಗೆ ಬಂತು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ತಲುಪಿತು. ಬೆಂಗಳೂರಿನ ಹಳೆಪೇಟೆಯ ಇಕ್ಕಟ್ಟಿನಿಂದ ಹೊರಬರಲು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಪ್ಲೇಗಿನಮ್ಮನ ಗುಡಿಗಳೂ ಎದ್ದವು.

ಮುಂಬಯಿಯಲ್ಲಿ 1898ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಇಕ್ಕಟ್ಟಿನ ಓಣಿಗಳನ್ನು ಒಡೆದು ಅಗಲ ರಸ್ತೆಗಳನ್ನು ಮಾಡಿದ್ದು, ದಾದರ್, ಮಾಟುಂಗಾ, ಸಯನ್ ಕಡೆ ಹೊಸ ಬಡಾವಣೆಗಳ ನಕ್ಷೆ ಹಾಕಿದ್ದು ಈ ಟ್ರಸ್ಟ್. ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು, ಉಪನ್ಯಾಸ ಕೇಳಲು ಹೋಗುವಾಗ ನಾವು ನಡೆಯುವ ಮಾಟುಂಗಾದ ಮರಗಳ ಸಾಲು, ಉದ್ಯಾನಗಳು, ಗಾಳಿ ಆಡುವ ಬೀದಿಗಳು ಪ್ಲೇಗಿನ ಭಯದಿಂದ ಹುಟ್ಟಿದ ಯೋಜನೆಯ ಫಲ. ಆದರೆ ಟ್ರಸ್ಟ್ ಒಡೆದ ಕೋಣೆಗಳಲ್ಲಿದ್ದ ಬಡವರಲ್ಲಿ ಬಹಳ ಮಂದಿಗೆ ಹೊಸ ಬಡಾವಣೆಯ ಬಾಡಿಗೆ ಎಟುಕಲಿಲ್ಲ. ಅವರು ಪಕ್ಕದ ಚಾಳುಗಳಿಗೇ ಹೋಗಿ ಇನ್ನಷ್ಟು ಒತ್ತೊತ್ತಾಗಿ ಬದುಕಿದರು.

1918: ಸರಕಾರ ಬಾರದ ಬಾಗಿಲು

ಮುಂದಿನ ಮಹಾಮಾರಿ ಬಂದದ್ದೂ ಬಂದರಿನಿಂದಲೇ. 1918ರ ಜೂನ್ 10ರಂದು ಬಂದರಿನಲ್ಲಿ ಕಾವಲಿದ್ದವನೂ ಸೇರಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಮಹಾಯುದ್ಧದ ಹಡಗುಗಳು ಬಂದುಹೋಗುತ್ತಿದ್ದ ಕಾಲ. ಮೊದಲ ಅಲೆ ಬೇಗ ಇಳಿಯಿತು. ಸೆಪ್ಟೆಂಬರಿನಲ್ಲಿ ಎರಡನೆಯ ಅಲೆ ಎದ್ದಿತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿಯಲ್ಲಿ 768 ಮಂದಿ ಸತ್ತರು. ದೇಶದಲ್ಲಿ ಒಟ್ಟು ಸತ್ತವರು ಒಂದು ಕೋಟಿಗೂ ಹೆಚ್ಚು ಎಂಬುದು ಇತಿಹಾಸಕಾರರ ಅಂದಾಜು. ಆ ವರ್ಷ ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ, ಎಲ್ಲರ ಶುಶ್ರೂಷೆ ಮಾಡುವ ಹೆಂಗಸರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು.

ಪ್ಲೇಗಿನಲ್ಲಿ ಅತಿಯಾಗಿ ಕೈಹಾಕಿದ್ದ ಆಡಳಿತ ಈ ಬಾರಿ ಬಹುಮಟ್ಟಿಗೆ ದೂರ ನಿಂತಿತು. ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ, ವೈದ್ಯರು ಸಾಕಾಗಲಿಲ್ಲ. ಚಾಳಿನ ಮೆಟ್ಟಿಲು ಹತ್ತಿ ಔಷಧಿ, ಹಾಲು, ಹೊದಿಕೆ ತಲುಪಿಸಿದವರು ಸ್ವಯಂಸೇವಕರು. 1911ರಲ್ಲಿ ಎನ್. ಎಂ. ಜೋಶಿ ಸ್ಥಾಪಿಸಿದ್ದ ಸೋಶಿಯಲ್ ಸರ್ವಿಸ್ ಲೀಗ್ ಇವರಲ್ಲಿ ಮುಖ್ಯವಾದದ್ದು. ಬಂದವರು ನೆರೆಹೊರೆಯ ಯುವಕರು, ಕೈಯಲ್ಲಿದ್ದದ್ದು ಔಷಧಿ. ಹಾಗಾಗಿ ಬಾಗಿಲುಗಳು ತೆರೆದುಕೊಂಡವು. ಆದರೆ ಎಷ್ಟೇ ಶ್ರಮಪಟ್ಟರೂ ಸ್ವಯಂಸೇವಕರು ಆಸ್ಪತ್ರೆ ಕಟ್ಟಲಾರರು, ಅಕ್ಕಿಯ ಬೆಲೆ ಇಳಿಸಲಾರರು.

2020: ವಾರ್ಡಿನ ಮಹಿಳೆಯರು

ನೂರು ವರ್ಷಗಳ ಮೇಲೆ ಕೊರೊನಾ ಬಂದಾಗ ಪಾಲಿಕೆ ಬದಲಾಗಿತ್ತು. 1956ರಲ್ಲಿ ಸುಲೋಚನಾ ಮೋದಿ ಮುಂಬಯಿಯ ಮೊದಲ ಮಹಿಳಾ ಮೇಯರ್ ಆಗಿದ್ದರು. 2012ರ ಚುನಾವಣೆಯಿಂದ 227 ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾದವು. 2020ರಲ್ಲಿ ಮೇಯರ್ ಆಗಿದ್ದ ಕಿಶೋರಿ ಪೇಡ್ಣೇಕರ್ ಹಿಂದೆ ದಾದಿಯಾಗಿ ದುಡಿದವರು. ಏಪ್ರಿಲಿನಲ್ಲಿ ಅವರು ದಾದಿಯ ಸಮವಸ್ತ್ರ ತೊಟ್ಟು ನಾಯರ್ ಆಸ್ಪತ್ರೆಗೆ ಹೋದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು.

ಧಾರಾವಿಯಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು ಏಪ್ರಿಲ್ 1ರಂದು. ಎರಡೂಚಿಲ್ಲರೆ ಚದರ ಕಿಲೋಮೀಟರಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲಿನವರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಅಂತರ ಕಾಯ್ದುಕೊಳ್ಳಿ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ. ಪಾಲಿಕೆ ಅಲ್ಲಿನ ಖಾಸಗಿ ವೈದ್ಯರನ್ನು ಜೊತೆಗೆ ಸೇರಿಸಿಕೊಂಡಿತು, ಮನೆ ಮನೆಗೆ ಹೋಗಿ ಜ್ವರ ನೋಡಿತು, ಶಾಲೆ, ಮದುವೆ ಹಾಲ್‌ಗಳಲ್ಲಿ ಕ್ವಾರಂಟೈನ್ ಮಾಡಿ ಊಟ ಕೊಟ್ಟಿತು. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರು ಹೇಳಿ ಮೆಚ್ಚಿದರು.

ನಗರದ 24 ವಾರ್ಡುಗಳಲ್ಲೂ ವಾರ್ ರೂಮ್‌ಗಳು ತೆರೆದವು. ಪ್ರಯೋಗಾಲಯದ ವರದಿ ಮೊದಲು ಪಾಲಿಕೆಗೆ ಹೋಗಿ, ಅಲ್ಲಿಂದ ವಾರ್ಡಿಗೆ ಬಂದು, ವಾರ್ಡಿನವರು ಫೋನ್ ಮಾಡಿ ಬೆಡ್ ಗೊತ್ತುಮಾಡುವ ಪದ್ಧತಿ. ಹಾಸಿಗೆಗಾಗಿ ಮನೆಯವರೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಇದರಿಂದ ಬಹಳ ಕಡಿಮೆಯಾಯಿತು.

ಈ ಬಾರಿ ಬಾಗಿಲು ತಟ್ಟಿದವರು ಹೆಚ್ಚಾಗಿ ಮಹಿಳೆಯರೇ. ಪಾಲಿಕೆಯ ಆರೋಗ್ಯ ಸ್ವಯಂಸೇವಿಕೆಯರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಸೇವಿಕೆಯರು, ಶಿಕ್ಷಕಿಯರು. ಮಗುವಿಗೆ ಪೋಲಿಯೊ ಹನಿ ಹಾಕಿದ, ಬಸುರಿಯ ಕಾರ್ಡು ಮಾಡಿಸಿದ ಪರಿಚಿತ ಮುಖಗಳು. ಸೆಪ್ಟೆಂಬರಿನಲ್ಲಿ 'ಮಾಝೇ ಕುಟುಂಬ, ಮಾಝೀ ಜಬಾಬ್ದಾರಿ' ಅಭಿಯಾನ ಶುರುವಾದಾಗ ಆಕ್ಸಿಮೀಟರ್ ಹಿಡಿದು ಮಹಡಿ ಮಹಡಿ ಹತ್ತಿದವರೂ ಇಂಥವರೇ. 1897ರಲ್ಲಿ ಅಡಗಿಸಿಟ್ಟ ಜ್ವರವನ್ನು 2020ರಲ್ಲಿ ಮನೆಯಾಕೆ ತಾನೇ ಹೇಳಿದ್ದರೆ ಅದಕ್ಕೆ ಈ ಪರಿಚಯವೇ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ.

ಇಷ್ಟಾಗಿಯೂ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ತಮ್ಮನ್ನು ಕೆಲಸಗಾರರೆಂದು ಪರಿಗಣಿಸಿ ಎಂದು ಪಾಲಿಕೆಯ ಸ್ವಯಂಸೇವಿಕೆಯರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಆಶಾ ಕಾರ್ಯಕರ್ತೆಯರು ಮುಷ್ಕರಕ್ಕೇ ಇಳಿಯಬೇಕಾಯಿತು. ನಾವು ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದು ಗೌರವ ತೋರಿದ್ದು ಇವರಿಗೇ.

ನಮ್ಮವರ ಪಾಡೂ ಇತ್ತು. ಹೊಟೇಲುಗಳು ಮುಚ್ಚಿ ಕೆಲಸ ಹೋದ ಹುಡುಗರು ಊರಿಗೆ ಹೊರಟರು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಕೆಲವು ದಿನ ಪ್ರವೇಶವನ್ನೇ ನಿಲ್ಲಿಸಿತು. ಸೇವಾಸಿಂಧು ಪಾಸಿಗಾಗಿ ಕಾದವರ ಫೋನುಗಳು ಸಂಘ ಸಂಸ್ಥೆಗಳಿಗೆ ಬರುತ್ತಲೇ ಇದ್ದವು. 'ಮುಂಬಯಿಯಿಂದ ಬಂದವರು' ಎಂಬುದು ಊರಿನಲ್ಲಿ ಬೈಗುಳದಂತೆ ಕೇಳಿಸಿದ ದಿನಗಳವು. ಇಲ್ಲಿ ಉಳಿದವರಿಗೆ ಅಕ್ಕಿ ಬೇಳೆಯ ಕಿಟ್ ಕಟ್ಟಿದ್ದು, ಮರಾಠಿಯ ಪಾಲಿಕೆ ಸೂಚನೆಗಳನ್ನು ಕನ್ನಡ ಮಾಡಿ ವಾಟ್ಸಪ್ಪಿನಲ್ಲಿ ಹಾಕಿದ್ದು, ಒಂಟಿಯಾಗಿದ್ದ ಹಿರಿಯರಿಗೆ ದಿನಾ ಸಂಜೆ ಫೋನ್ ಮಾಡಿದ್ದು ನಮ್ಮಂಥ ಬಳಗಗಳ ಹೆಂಗಸರು.

ನಮ್ಮ ಕಡೆಯ ಲೆಕ್ಕ

ಗೆಟೇಕರ್ ಸಮಿತಿಯ ವರದಿ 1897ರಲ್ಲೇ ಅಚ್ಚಾಯಿತು. ಎಷ್ಟು ಮನೆ ತೊಳೆದರು, ಎಷ್ಟು ಜನ ಸತ್ತರು ಎಂಬ ಲೆಕ್ಕವಿದೆ, ಫೋಟೋಗಳೂ ಇವೆ. ಬಾಗಿಲು ತಟ್ಟಿದವರು ಬರೆದ ಇತಿಹಾಸ ಅದು. ಒಳಗಿದ್ದ ಹೆಂಗಸು ಮಗುವನ್ನು ಯಾಕೆ ಅಡಗಿಸಿದಳು, ಸ್ಟೇಷನ್ನಿನಲ್ಲಿ ಅವಳಿಗೆ ಏನನ್ನಿಸಿತು ಎಂಬುದನ್ನು ಹೇಳುವ ಕಾಗದಗಳು ತೀರ ವಿರಳ. ರಮಾಬಾಯಿಯವರ ದೂರಿಗೆ ಸಾಕ್ಷ್ಯ ಬೇಕಾದಾಗ ಕೊರತೆಯಾದದ್ದೂ ಇದೇ.

2020ರ ಪಾಲಿಕೆಯ ಅಂಕಿಅಂಶಗಳೂ ಹಾಗೆಯೇ ಉಳಿಯುತ್ತವೆ. ನಮ್ಮ ಬಳಗದ ಕೆಲಸದ ಲೆಕ್ಕ ಮಾತ್ರ ಫೋನ್ ಬದಲಿಸಿದಾಗ ಅಳಿಸಿಹೋಗುತ್ತದೆ. ಆದ್ದರಿಂದ ಒಂದು ಕೋರಿಕೆ. ಕಿಟ್ ಹಂಚಿದ ಪಟ್ಟಿ, ಕನ್ನಡ ಮಾಡಿದ ಸೂಚನೆ, ಕಟ್ಟಡ ಸೀಲ್ ಮಾಡಿದಾಗ ಅಂಟಿಸಿದ ನೋಟೀಸಿನ ಫೋಟೋ, ಕ್ವಾರಂಟೈನಿನಲ್ಲಿ ಬರೆದ ನಾಲ್ಕು ಸಾಲು, ಏನಿದ್ದರೂ ಮಹಿಳಾ ವಿಭಾಗಕ್ಕೆ ಕಳುಹಿಸಿ. ಬೇರೆಯವರ ಹೆಸರು, ಕಾಯಿಲೆಯ ವಿವರ ಇದ್ದರೆ ಅವನ್ನು ಮರೆಮಾಡಿ ಕೊಡಿ. ತಾರೀಖು ಮತ್ತು ವಾರ್ಡಿನ ಹೆಸರು ಬರೆಯಲು ಮರೆಯಬೇಡಿ. ಟೈಪ್ ಮಾಡಿ, ವರ್ಷವಾರು ಜೋಡಿಸುವ ಕೆಲಸ ನಾನು ಮಾಡುತ್ತೇನೆ.